ಬೂದು ಡಬ್ಬಿಯನ್ನು ಗುಜರಿಗೆ ಹಾಕಬೇಡಿ

ಕಾರವಾರದ ಕಾಜುಬಾಗದಿಂದ ಓದುಗರೊಬ್ಬರು ಬರೆಯುತ್ತಾರೆ: "ನಮ್ಮ ಮಾವ 90ರ ದಶಕದಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದರು. ಶಿರಸಿ ಮಾರಿಕಾಂಬಾ ಜಾತ್ರೆಗೂ ಮಷಿನ್ ಒಯ್ಯುತ್ತಿದ್ದರು. ಈಗ ಅಟ್ಟ ಸ್ವಚ್ಛ ಮಾಡುವಾಗ ಗೇಮ್ ಓಡಿಸುವ ಎರಡು ಸರ್ಕ್ಯೂಟ್ ಬೋರ್ಡು ಸಿಕ್ಕವು. ಒಂದು ಮುಸ್ತಫಾ ಗೇಮಿನ ಬರಿ ಬೋರ್ಡು, ನಕಲಿ ಅಂತ ಮಾವನೇ ಹೇಳುತ್ತಾರೆ. ಒರೆಸಿ ಹಚ್ಚಿದರೆ ಈಗಲೂ ಓಡುತ್ತದೆ. ಇನ್ನೊಂದು ಜಪಾನಿನ ಕ್ಯಾಪ್‌ಕಾಮ್ ಕಂಪನಿಯದು, ಬೂದು ಪ್ಲಾಸ್ಟಿಕ್ ಡಬ್ಬಿಯೊಳಗಿದೆ. ಮುಂಬೈಯಿಂದ ಜಾಸ್ತಿ ದುಡ್ಡು ಕೊಟ್ಟು ತಂದದ್ದು. ಅದನ್ನು ಹಚ್ಚಿದರೆ ಪರದೆ ತುಂಬಾ ಒಂದೇ ಬಣ್ಣ. ಒಳಗಿನ ಬ್ಯಾಟರಿ ಹೋಗಿದೆ, ಬೋರ್ಡು ಸತ್ತಿದೆ, ಗುಜರಿಗೆ ಹಾಕಿ ಅಂದರು ರಿಪೇರಿಯವರು. ಬ್ಯಾಟರಿ ಹೋದರೆ ಹೊಸದು ಹಾಕಿದರಾಯ್ತಲ್ವಾ? ಕಂಪನಿ ಮಾಲು ಸತ್ತು ನಕಲಿ ಬದುಕಿದ್ದು ಹೇಗೆ? ನಕಲು ತಡೆಯಲು ಕಂಪನಿ ಹಾಕಿದ ಬೀಗ ಮುರಿದು ಸರಿ ಮಾಡಿಸಿದರೆ ಅದು ಕಳ್ಳತನವಾ?"

ಮೊದಲು ಒಂದು ಮಾತು. ಗುಜರಿಯವನು ಬಾಗಿಲಿಗೆ ಬಂದರೂ ಆ ಡಬ್ಬಿ ಕೊಡಬೇಡಿ. ಅದು ಕ್ಯಾಪ್‌ಕಾಮ್‌ನ ಸಿಪಿಎಸ್-2 ಬೋರ್ಡು. ಬೂದು ಬಣ್ಣದ ಡಬ್ಬಿ ಏಷ್ಯಾ ಮಾರುಕಟ್ಟೆಗೆಂದು ಮಾಡಿದ್ದು. ಜಪಾನಿಗೆ ಹಸಿರು, ಅಮೆರಿಕ ಮತ್ತು ಯುರೋಪಿಗೆ ನೀಲಿ. ರಿಪೇರಿಯವರು ಹೇಳಿದ್ದು ಅರ್ಧ ನಿಜ. ಬ್ಯಾಟರಿ ಹೋಗಿದೆ, ಅದರ ಜೊತೆ ಇನ್ನೊಂದು ವಸ್ತುವೂ ಹೋಗಿದೆ.

ಸಾಮಾನ್ಯವಾಗಿ ಇಂಥ ಬೋರ್ಡಿನಲ್ಲಿ ಬ್ಯಾಟರಿ ಇದ್ದರೆ ಅದು ಸ್ಕೋರು, ಸೆಟ್ಟಿಂಗು ಕಾಯಲಿಕ್ಕೆ. ಇಲ್ಲಿ ಹಾಗಲ್ಲ. 1991ರ ಸ್ಟ್ರೀಟ್ ಫೈಟರ್ 2 ಕ್ಯಾಪ್‌ಕಾಮ್‌ಗೆ ಎಷ್ಟು ದುಡ್ಡು ತಂದಿತೋ, ನಕಲಿಯವರಿಗೂ ಅಷ್ಟೇ ಕೆಲಸ ಕೊಟ್ಟಿತು. ಚಿಪ್‌ನಲ್ಲಿದ್ದ ಪ್ರೋಗ್ರಾಮನ್ನು ಓದಿ, ಬೇರೆ ಚಿಪ್‌ಗೆ ಬರೆದು, ಅಗ್ಗದ ಬೋರ್ಡಿಗೆ ಹಾಕಿದರೆ ಮುಗಿಯಿತು. ಇದನ್ನು ತಡೆಯಲು ಕಂಪನಿ 1993ರಲ್ಲಿ ಸೂಪರ್ ಸ್ಟ್ರೀಟ್ ಫೈಟರ್ 2 ಜೊತೆ ಸಿಪಿಎಸ್-2 ತಂದಿತು. ಇದರಲ್ಲಿ ಪ್ರೋಗ್ರಾಮಿನ ಆದೇಶಗಳನ್ನು ಗುಪ್ತಲಿಪಿಯಲ್ಲಿ ಬರೆದಿದ್ದಾರೆ. ಚಿಪ್ ಕಿತ್ತು ಓದಿದರೆ ಸಿಗುವುದು ಬರೀ ಕಸ. ಬೋರ್ಡಿನೊಳಗಿನ 68000 ಎಂಬ ಪ್ರೊಸೆಸರ್ ಆದೇಶ ಓದುವ ಕ್ಷಣದಲ್ಲೇ ಅದನ್ನು ಬಿಡಿಸಿಕೊಳ್ಳುತ್ತದೆ. ಬಿಡಿಸಲು ಒಂದು ಕೀಲಿ ಬೇಕು. ಆ ಕೀಲಿಯನ್ನು ಕರೆಂಟು ಇರುವವರೆಗೆ ಮಾತ್ರ ನೆನಪಿಡುವ ಪುಟ್ಟ ಮೆಮೊರಿಯಲ್ಲಿ ಇಟ್ಟರು. ಅದಕ್ಕೆ ಕರೆಂಟು ಕೊಡುವುದು 3.6 ವೋಲ್ಟಿನ ಒಂದು ಲಿಥಿಯಂ ಬ್ಯಾಟರಿ. ಬ್ಯಾಟರಿ ಇಳಿಯಿತು, ಕೀಲಿ ಅಳಿಯಿತು. ಹೊಸ ಬ್ಯಾಟರಿ ಹಾಕಿದರೆ ಅದು ಖಾಲಿ ಮೆಮೊರಿಯನ್ನು ಜೋಪಾನ ಮಾಡುತ್ತದೆ, ಅಷ್ಟೇ.

ಬೋರ್ಡು ಮಾರುವ ಕಂಪನಿಗೆ ಇದರಿಂದ ಏನು ನಷ್ಟ? ನಾಲ್ಕೈದು ವರ್ಷ ಅಂಗಡಿಯಲ್ಲಿ ದುಡಿದರೆ ಬೋರ್ಡಿನ ಕೆಲಸ ಮುಗಿಯಿತು ಅಂದುಕೊಂಡಿರಬೇಕು. ನಿಮ್ಮ ಮಾವ ಜಾಸ್ತಿ ದುಡ್ಡು ಕೊಟ್ಟು ಕೊಂಡದ್ದು ತಿಂಗಳು ತಿಂಗಳು ಸವೆಯುವ ಮಾಲು, ಆದರೆ ಅದನ್ನು ಅವರಿಗೆ ಅಂಗಡಿಯಲ್ಲಿ ಯಾರೂ ಹೇಳಿರಲಿಕ್ಕಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಬೀಗ ಹಾಕುವುದು ತಪ್ಪಲ್ಲ. ಕೊಂಡವನ ಮನೆಯಲ್ಲೇ, ಕೊಂಡವನಿಗೆ ಹೇಳದೆ, ತಾನಾಗಿ ಕೀಲಿ ನುಂಗುವ ಬೀಗ ಹಾಕಿದ್ದು ತಪ್ಪು.

ಮುಸ್ತಫಾ ಕಥೆ ಇನ್ನೂ ತಮಾಷೆಯದು. ಅದರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಅದೂ ಕ್ಯಾಪ್‌ಕಾಮ್‌ನದೇ, ಅದೂ 1993ರದ್ದೇ. ನಮ್ಮ ಹುಡುಗರು ಹಳದಿ ಟೋಪಿಯವನ ಹೆಸರನ್ನೇ ಗೇಮಿಗೆ ಇಟ್ಟರು. ಅದರ ಅಸಲಿ ಬೋರ್ಡಿನಲ್ಲೂ ಸದ್ದು ನೋಡಿಕೊಳ್ಳುವ ಪ್ರೊಸೆಸರಿಗೆ ಇಂಥದೇ ಬ್ಯಾಟರಿ ಬೀಗ ಇತ್ತು. ಆ ಚಿಪ್‌ಗೆ ಕಬುಕಿ ಅಂತ ಹೆಸರು. ನಕಲಿ ಮಾಡಿದವರು ಆ ಭಾಗವನ್ನೇ ಕಿತ್ತುಹಾಕಿ ಬೇರೆ ಅಗ್ಗದ ಸದ್ದಿನ ಚಿಪ್ ಕೂರಿಸಿದರು. ಹಾಗಾಗಿ ನಿಮ್ಮ ನಕಲಿಯಲ್ಲಿ ಬ್ಯಾಟರಿಯೇ ಇರಲಿಕ್ಕಿಲ್ಲ. ಸಾಯಲಿಕ್ಕೆ ಅದರಲ್ಲಿ ಏನಿದೆ?

ಕ್ಯಾಪ್‌ಕಾಮ್ ಒಂದೇ ಅಲ್ಲ. ಸೆಗಾ ಕಂಪನಿಯ ಎಫ್‌ಡಿ1094 ಚಿಪ್‌ನಲ್ಲಿ 68000 ಪ್ರೊಸೆಸರ್, 8 ಕೆಬಿ ಕೀಲಿ ಮತ್ತು ಬ್ಯಾಟರಿ ಮೂರೂ ಒಂದೇ ಡಬ್ಬಿಯಲ್ಲಿ. ಟೈಟೋ ಕಂಪನಿ 1986ರ ಬಬಲ್ ಬಾಬಲ್ ಗೇಮಿನಲ್ಲಿ ಬೇರೆ ದಾರಿ ಹಿಡಿಯಿತು. ಆಟದ ಒಂದಿಷ್ಟು ಕೆಲಸವನ್ನು ಹೊರಗಿನಿಂದ ಓದಲಾಗದ ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಚಿಪ್ ಒಳಗೆ ಮುಚ್ಚಿಟ್ಟಿತು. ನಕಲಿಯವರು ಅದು ಏನು ಮಾಡುತ್ತದೆ ಅಂತ ಊಹಿಸಿ ಬರೆದರು. ಇಂಥ ಚಿಪ್‌ಗಳನ್ನು ಓದಬೇಕಾದರೆ ನೈಟ್ರಿಕ್ ಆಸಿಡ್‌ನಲ್ಲಿ ಮೇಲಿನ ಹೊದಿಕೆ ಕರಗಿಸಿ, ಮೈಕ್ರೋಸ್ಕೋಪಿನಡಿ ಒಂದೊಂದೇ ಬಿಟ್ ನೋಡಬೇಕಾಗುತ್ತದೆ. ನೀವು ಮನೆಯಲ್ಲಿ ಮಾಡುವ ಕೆಲಸ ಅಲ್ಲ, ಸುಮ್ನೆ ಹೇಳಿದೆ.

ಸಿಪಿಎಸ್-2 ಬೀಗ ಒಂದೇ ಸಲಕ್ಕೆ ಬಿದ್ದಿಲ್ಲ. 2001ರಲ್ಲಿ ಸಿಪಿಎಸ್2ಶಾಕ್ ಎಂಬ ಹವ್ಯಾಸಿಗಳ ತಂಡ ಒಂದು ಉಪಾಯ ಕಂಡುಕೊಂಡಿತು. ಬ್ಯಾಟರಿ ಇನ್ನೂ ಗಟ್ಟಿ ಇರುವ ಬೋರ್ಡಿನಲ್ಲಿ ತಮ್ಮದೇ ಸಣ್ಣ ಪ್ರೋಗ್ರಾಮ್ ಓಡಿಸಿ, ಬೋರ್ಡಿನ ಕೈಯಿಂದಲೇ ಲಿಪಿ ಬಿಡಿಸಿ ಹೊರಗೆ ತಂದರು. ತೊಂದರೆ ಏನೆಂದರೆ ಪ್ರತಿ ಗೇಮಿಗೂ ಜೀವ ಇರುವ ಬೋರ್ಡು ಬೇಕು. ಇತ್ತ ಬ್ಯಾಟರಿಗಳು ಒಂದೊಂದಾಗಿ ಇಳಿಯುತ್ತಿದ್ದವು. 2007ರಲ್ಲಿ ಆಂಡ್ರಿಯಾಸ್ ನೈವ್, ನಿಕೋಲಾ ಸಾಲ್ಮೋರಿಯಾ ಮತ್ತು ಚಾರ್ಲ್ಸ್ ಮೆಕ್‌ಡೊನಾಲ್ಡ್ ಸೇರಿ ಲಿಪಿಯ ಲೆಕ್ಕವನ್ನೇ ಬಿಡಿಸಿದರು. ಈ ಸಾಲ್ಮೋರಿಯಾ ಅವರೇ 1997ರಲ್ಲಿ ಮೇಮ್ ಶುರು ಮಾಡಿದವರು. ಹಳೆ ಬೋರ್ಡುಗಳ ನಡವಳಿಕೆಯನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಸಾಫ್ಟ್‌ವೇರ್ ಅದು. ಅಲ್ಲಿ ಅಸಲಿಯ ಪಕ್ಕದಲ್ಲೇ ನಕಲಿ ಬೋರ್ಡುಗಳನ್ನೂ ದಾಖಲಿಸುತ್ತಾರೆ. ಅದು ಸರಿ ಕೂಡ. ನಮ್ಮ ಕಡೆ ಹುಡುಗರು ಆಡಿದ್ದು ಹೆಚ್ಚಾಗಿ ನಕಲಿಯನ್ನೇ ಅಲ್ವಾ?

ನಿಮಗೆ ಬೇಕಾದ ಸುದ್ದಿ 2016ರದ್ದು. ಎಡ್ವರ್ಡೊ ಕ್ರೂಸ್ ಮತ್ತು ಜೊತೆಗಾರರು ಕಾರ್ಖಾನೆಯಲ್ಲಿ ಕೀಲಿಯನ್ನು ಬೋರ್ಡಿಗೆ ತುಂಬುತ್ತಿದ್ದ ದಾರಿಯನ್ನೇ ಪತ್ತೆಹಚ್ಚಿದರು. ಬೇಕಾದ ಮಾಹಿತಿ ಒಟ್ಟು 20 ಬೈಟ್. ಒಂದು ಎಸ್ಸೆಮ್ಮೆಸ್ಸಿನಲ್ಲಿ ಏಳು ಬೋರ್ಡಿನ ಕೀಲಿ ಹಿಡಿಸುತ್ತದೆ! ಆರ್ಡುಯಿನೋ ಎಂಬ, ನಾವೇ ಪ್ರೋಗ್ರಾಮ್ ತುಂಬಬಹುದಾದ ಪುಟ್ಟ ಬೋರ್ಡಿನಿಂದ ಆ 20 ಬೈಟ್ ಮರಳಿ ತುಂಬಿದರೆ ಬೋರ್ಡು ಕಂಪನಿಯಿಂದ ಬಂದ ದಿನದಂತೆ ಏಳುತ್ತದೆ. ಅದಕ್ಕೂ ಮೊದಲು ಫೀನಿಕ್ಸ್ ಎಂಬ ದಾರಿ ಇತ್ತು. ಅದರಲ್ಲಿ ಅಸಲಿ ಪ್ರೋಗ್ರಾಮ್ ಚಿಪ್ ತೆಗೆದು, ತಿದ್ದಿದ ಪ್ರೋಗ್ರಾಮಿನ ಚಿಪ್ ಹಾಕುತ್ತಾರೆ. ಯಾರಾದರೂ ಹಾಗೆ ಮಾಡಿಕೊಡುತ್ತೇವೆ ಅಂದರೆ ಬೇಡ ಅನ್ನಿ. ಕೀಲಿ ತುಂಬುವವರನ್ನೇ ಹುಡುಕಿ. ಪ್ರತಿ ಸಲ ಸ್ವಿಚ್ ಹಾಕಿದಾಗ ತಾನೇ ಕೀಲಿ ತುಂಬುವ ಸಣ್ಣ ಬೋರ್ಡು ಕೂಡ ಸಿಗುತ್ತದೆ. ಆಗ ಬ್ಯಾಟರಿಯೇ ಬೇಡ. ಕರಾವಳಿಗೆ ಅದೇ ಒಳ್ಳೆಯದು.

ಕಳ್ಳತನದ ಪ್ರಶ್ನೆ. ನಾನು ವಕೀಲನಲ್ಲ, ಆದರೆ ಕಾಯ್ದೆ ಓದಿದ್ದೇನೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನ ಪ್ರಕಾರ, ಪ್ರೋಗ್ರಾಮಿನ ಪ್ರತಿಯನ್ನು ಕಾನೂನು ಪ್ರಕಾರ ಇಟ್ಟುಕೊಂಡವರು ಅದನ್ನು ಕೊಟ್ಟ ಉದ್ದೇಶಕ್ಕೆ ಬಳಸಲು, ಹಾಳಾಗದಂತೆ ಬ್ಯಾಕಪ್ ಇಡಲು ನಕಲು ಮಾಡಿಕೊಳ್ಳಬಹುದು. ಬೀಗ ಮುರಿಯುವವರ ಮೇಲಿನ 65ಎ ಕಲಂ 2012ರಲ್ಲಿ ಸೇರಿತು. ಅದೂ ಹಕ್ಕು ಕದಿಯುವ ಉದ್ದೇಶ ಇದ್ದವರ ಬಗ್ಗೆ ಹೇಳುತ್ತದೆ. ಕೊಂಡ ಬೋರ್ಡಿಗೆ ಅದರದೇ ಕೀಲಿ ತುಂಬುವುದನ್ನು ನಾನಂತೂ ಕಳ್ಳತನ ಅನ್ನಲಾರೆ. ಚಿಪ್ ಓದಿ ನೂರು ಪ್ರತಿ ಮಾರಿದರೆ ಅದು ಬೇರೆ ಮಾತು.

ಇನ್ನು ಕೈಯಲ್ಲಿ ಮಾಡುವ ಕೆಲಸ. ಮೊದಲು ಸತ್ತ ಬ್ಯಾಟರಿ ತೆಗೆಸಿ. ಅದು ಸೋರಿದರೆ ಬೋರ್ಡಿನ ತಾಮ್ರದ ಗೆರೆ ತಿನ್ನುತ್ತದೆ, ಕಾರವಾರದ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ಬೋರ್ಡನ್ನು ಮತ್ತೆ ಅಟ್ಟಕ್ಕೆ ಹಾಕಬೇಡಿ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿಡಿ, ಮಳೆಗಾಲದಲ್ಲಿ ಪೊಟ್ಟಣ ಬದಲಿಸಿ. ಹಳೆ ಪವರ್ ಸಪ್ಲೈ ಹಚ್ಚುವ ಮುಂಚೆ ಅದು ಸರಿಯಾಗಿ 5 ವೋಲ್ಟ್ ಕೊಡುತ್ತದಾ ಅಂತ ಮೀಟರಿನಲ್ಲಿ ನೋಡಿ. ಬೇರೆ ಓದುಗರ ಮನೆಯಲ್ಲಿ ಇಂಥದೇ ಬೋರ್ಡು ಇನ್ನೂ ಓಡುತ್ತಿದ್ದರೆ ಬ್ಯಾಟರಿಯನ್ನು ಈಗಲೇ ಬದಲಿಸಲಿ. ಹಳೆಯದು ತೆಗೆದ ಮೇಲೆ ಕೆಪಾಸಿಟರ್ ಒಂದೆರಡು ನಿಮಿಷ ಕೀಲಿ ಹಿಡಿದಿಡುತ್ತದೆ. ಕೈ ಪಳಗಿದವರೇ ಮಾಡಬೇಕು.

ಚಿಪ್‌ಗಳ ಮೇಲೆ ಅಂಟಿಸಿದ ಚೀಟಿ ಕೀಳಬೇಡಿ. ಕೆಲವು ಚೀಟಿಯ ಕೆಳಗೆ ಗಾಜಿನ ಕಿಟಕಿ ಇರುತ್ತದೆ, ಬಿಸಿಲು ಬಿದ್ದರೆ ಒಳಗಿನದು ನಿಧಾನಕ್ಕೆ ಅಳಿಯುತ್ತದೆ. ಕೀಲಿ ಗೇಮಿನಿಂದ ಗೇಮಿಗೆ ಬೇರೆ, ಒಂದೇ ಗೇಮಿಗೂ ದೇಶದಿಂದ ದೇಶಕ್ಕೆ ಬೇರೆ. ನಿಮ್ಮದಕ್ಕೆ ಯಾವ ಕೀಲಿ ಅಂತ ಹೇಳುವುದು ಆ ಚೀಟಿಯ ಮೇಲಿನ ಅಕ್ಷರಗಳೇ. ಅವುಗಳ ಫೋಟೋ ತೆಗೆದು ಕಳಿಸಿ, ಮುಸ್ತಫಾ ಬೋರ್ಡಿನದೂ ಇರಲಿ.