ಮಾರ್ಪಡಿಸಿದ ಥಾರ್‌ಗೆ ಯಾವ ಎಂಜಿನ್ ಆಯಿಲ್, ಯಾವ ಫಿಲ್ಟರ್ ಹಾಕಬೇಕು?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು: 2014ರ ಮಹೀಂದ್ರಾ ಥಾರ್ ಸಿಆರ್‌ಡಿಇ (ಕಾಮನ್ ರೇಲ್ ಡೀಸೆಲ್ ಎಂಜಿನ್), 31 ಇಂಚಿನ ಮಡ್ ಟೈರ್, ಎತ್ತರಿಸಿದ ಸಸ್ಪೆನ್ಷನ್, ಸ್ನಾರ್ಕೆಲ್ (ಎಂಜಿನ್‌ಗೆ ಎತ್ತರದಿಂದ ಗಾಳಿ ಎಳೆಯುವ ಕೊಳವೆ). ಬೇಸಿಗೆಯಲ್ಲಿ ಸಕಲೇಶಪುರದ ಕಡೆಯ ಮಣ್ಣುದಾರಿ, ಮಳೆಗಾಲದಲ್ಲಿ ಕೆಸರು ಮತ್ತು ಹಳ್ಳ. ಗೆಳೆಯರು 20ಡಬ್ಲ್ಯು-50 ಹಾಕು ಎನ್ನುತ್ತಿದ್ದಾರೆ, ಅಂಗಡಿಯವರು ದುಬಾರಿ ಫುಲ್ ಸಿಂಥೆಟಿಕ್ ತೋರಿಸುತ್ತಿದ್ದಾರೆ. ತೊಳೆದು ಮತ್ತೆ ಬಳಸುವ ಹತ್ತಿಯ ಏರ್ ಫಿಲ್ಟರ್ ಹಾಕಿಸುವ ಆಸೆಯೂ ನಿಮಗಿದೆ.

ನನ್ನದು ಮೂಡಿಗೆರೆ ಕಡೆಯ ಗ್ಯಾರೇಜ್. ತೋಟದ ಜೀಪು, ಪಿಕಪ್‌ಗಳ ಎಂಜಿನ್ ಬಿಚ್ಚಿ ಕಟ್ಟುವುದು ಕೆಲಸ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. 15ಡಬ್ಲ್ಯು-40 ದರ್ಜೆಯ, ಡಬ್ಬದ ಮೇಲೆ ಎಪಿಐ ಸಿಐ-4 ಪ್ಲಸ್ ಅಥವಾ ಸಿಕೆ-4 ಎಂದು ಬರೆದಿರುವ ಡೀಸೆಲ್ ಎಂಜಿನ್ ಆಯಿಲ್ ಹಾಕಿ. ಏರ್ ಫಿಲ್ಟರ್ ಕಾಗದದ್ದೇ ಇರಲಿ. ಆಯಿಲ್‌ನಲ್ಲಿ ಉಳಿದ ದುಡ್ಡನ್ನು ಒಳ್ಳೆಯ ಹೋಸ್ ಕ್ಲಿಪ್‌ಗಳಿಗೆ ಹಾಕಿ. ಇದು ತಮಾಷೆಯಲ್ಲ. ನನ್ನ ಮೇಜಿನ ಮೇಲೆ ಬಂದ ಎಂಜಿನ್‌ಗಳಲ್ಲಿ ಅಗ್ಗದ ಆಯಿಲ್‌ನಿಂದ ಸತ್ತದ್ದು ಅಪರೂಪ. ಧೂಳು ಅಥವಾ ನೀರು ಒಳಹೊಕ್ಕು ಸತ್ತವೇ ಹೆಚ್ಚು.

ಮೊದಲು ಗೆಳೆಯರ 20ಡಬ್ಲ್ಯು-50 ವಿಚಾರ. ಡಬ್ಲ್ಯು ಅಕ್ಷರದ ಹಿಂದಿನ ಸಂಖ್ಯೆ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಎಂಬುದಕ್ಕೆ. 15ಡಬ್ಲ್ಯು ಎಂದರೆ ಮೈನಸ್ 25 ಡಿಗ್ರಿಯಲ್ಲೂ ಪಂಪ್ ಅದನ್ನು ಎಳೆಯಬಲ್ಲದು. ನಮ್ಮ ಮಲೆನಾಡಿನ ಮಾಗಿ ಚಳಿಗೆ ಇದು ಧಾರಾಳವಾಗಿ ಸಾಕು. ಚಳಿಗಾಲದಲ್ಲಿ ಲಡಾಖಿಗೆ ಹೋಗುವವರು 5ಡಬ್ಲ್ಯು ಯೋಚಿಸಲಿ. ಡಬ್ಲ್ಯು ಮುಂದಿನ ಸಂಖ್ಯೆ ನೂರು ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ಗಟ್ಟಿ ಎಂಬುದಕ್ಕೆ: 40 ಎಂದರೆ 12.5ರಿಂದ 16.3 ಸೆಂಟಿಸ್ಟೋಕ್ಸ್, 50 ಎಂದರೆ 16.3ರಿಂದ 21.9.

ಇದನ್ನು ನೋಡಿಯೇ ಜನ 50 ಒಳ್ಳೆಯದು ಎಂದುಕೊಳ್ಳುತ್ತಾರೆ. ಆದರೆ ಲೋ ಗೇರ್‌ನಲ್ಲಿ ಏರು ಹತ್ತುವಾಗ ಬೇರಿಂಗ್‌ನ ಸಂದಿಯಲ್ಲಿ ಆಯಿಲ್ ಪದರ ಉಳಿಯುತ್ತದೆಯೇ ಇಲ್ಲವೇ ಎಂಬುದಕ್ಕೆ ಬೇರೆಯೇ ಪರೀಕ್ಷೆಯಿದೆ. ಅದನ್ನು 150 ಡಿಗ್ರಿಯಲ್ಲಿ, ಆಯಿಲ್ ಪದರ ಜೋರಾಗಿ ಉಜ್ಜಿಕೊಳ್ಳುವಂತೆ ಮಾಡಿ ಅಳೆಯುತ್ತಾರೆ. ಈ ದರ್ಜೆಗಳನ್ನು ನಿಗದಿಪಡಿಸುವ ಎಸ್‌ಎಇ ಮಾನದಂಡದಲ್ಲಿ 15ಡಬ್ಲ್ಯು-40ಕ್ಕೂ 20ಡಬ್ಲ್ಯು-50ಕ್ಕೂ ಇರಬೇಕಾದ ಕನಿಷ್ಠ ಮಟ್ಟ ಒಂದೇ, 3.7 ಸೆಂಟಿಪಾಯ್ಸ್. ಅಂದರೆ ನಿಮ್ಮ ಎಂಜಿನ್‌ಗೆ ಬೇಕಾದ ರಕ್ಷಣೆ 15ಡಬ್ಲ್ಯು-40ರಲ್ಲೇ ಇದೆ. ಅದಕ್ಕಿಂತ ಗಟ್ಟಿ ಆಯಿಲ್ ಹಾಕಿದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅದು ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ತಲುಪುವುದು ತಡವಾಗುತ್ತದೆ, ಎಂಜಿನ್‌ನ ಶಕ್ತಿಯಲ್ಲಿ ಒಂದಿಷ್ಟು ಆಯಿಲ್ ಕಲಕುವುದಕ್ಕೇ ಹೋಗುತ್ತದೆ. ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ವಸ್ತು, ಅದಕ್ಕೆ ಕಾಯುವ ತಾಳ್ಮೆ ಇಲ್ಲ. 20ಡಬ್ಲ್ಯು-50ಕ್ಕೂ ಒಂದು ಜಾಗವಿದೆ ಎನ್ನಿ: ಬೋರು (ಪಿಸ್ಟನ್ ಓಡಾಡುವ ಸಿಲಿಂಡರ್) ಸವೆದು ಆಯಿಲ್ ಸುಡುತ್ತಿರುವ ಹಳೆಯ ಎಂಎಂ 540 ಜೀಪನ್ನು ಇನ್ನೊಂದು ಕಾಫಿ ಕೊಯ್ಲು ಮುಗಿಯುವ ತನಕ ದೂಡಬೇಕಾದಾಗ.

ಸಿಐ-4, ಸಿಕೆ-4 ಎಂಬುವು ಎಪಿಐ ಎಂಬ ಅಮೆರಿಕದ ಸಂಸ್ಥೆಯ ಗುಣಮಟ್ಟದ ದರ್ಜೆಗಳು. ಸಿಐ-4 ಬಂದದ್ದು 2002ರಲ್ಲಿ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೇ ಕಳಿಸುವ ಇಜಿಆರ್ ಇರುವ ಡೀಸೆಲ್ ಎಂಜಿನ್‌ಗಳಿಗಾಗಿ. ಸಿಕೆ-4 ಬಂದದ್ದು 2016ರ ಕೊನೆಗೆ. ನಿಮ್ಮ ಗಾಡಿಗೆ ಇಜಿಆರ್ ಇದೆ, ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇಲ್ಲ. ಆದ್ದರಿಂದ ಎರಡೂ ಒಗ್ಗುತ್ತವೆ. ಲಾರಿಯವರು ಹಾಕುವ ಸರ್ವೋ, ರಿಮುಲಾ, ಕ್ಯಾಸ್ಟ್ರಾಲ್‌ನಂಥ ಯಾವುದಾದರೂ ಆಗುತ್ತದೆ. ಬ್ರ್ಯಾಂಡ್ ಬಗ್ಗೆ ನನಗೆ ಹಟವಿಲ್ಲ. ಬಿಲ್ ಕೊಡುವ ಅಂಗಡಿಯಲ್ಲಿ, ಸೀಲ್ ಒಡೆಯದ ಡಬ್ಬ ತೆಗೆದುಕೊಳ್ಳಿ ಎಂಬುದರ ಬಗ್ಗೆ ಮಾತ್ರ ಹಟವಿದೆ.

ಇದನ್ನು ಓದುವ ಯಾರ ಬಳಿಯಾದರೂ 2020ರ ನಂತರದ ಬಿಎಸ್6 ಡೀಸೆಲ್ ಥಾರ್ ಇದ್ದರೆ ಮೇಲಿನ ಮಾತು ಅವರಿಗಲ್ಲ. ಅದರಲ್ಲಿ ಡಿಪಿಎಫ್ ಇದೆ. ಆಯಿಲ್‌ನ ರಾಸಾಯನಿಕಗಳು ಸುಟ್ಟಾಗ ಉಳಿಯುವ ಬೂದಿ ಅದರಲ್ಲಿ ಕೂತರೆ ಮತ್ತೆ ಹೋಗುವುದಿಲ್ಲ. ಕೈಪಿಡಿಯಲ್ಲಿ ಬರೆದ ಕಡಿಮೆ ಬೂದಿಯ ಆಯಿಲ್ ಬಿಟ್ಟು ಬೇರೇನೂ ಹಾಕಬಾರದು. ಇನ್ನೊಂದು ವಿಷಯ: ಕೆಸರಿನಲ್ಲಿ ಗಂಟೆಗಟ್ಟಲೆ ನಿಧಾನವಾಗಿ ತೆವಳುವಾಗ ಡಿಪಿಎಫ್ ತನ್ನ ಮಸಿಯನ್ನು ಪೂರ್ತಿ ಸುಟ್ಟುಕೊಳ್ಳಲಾಗದೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅದಕ್ಕಾಗಿ ಎಂಜಿನ್ ಹೆಚ್ಚುವರಿಯಾಗಿ ಸಿಂಪಡಿಸುವ ಡೀಸೆಲ್‌ನಲ್ಲಿ ಒಂದು ಪಾಲು ಬೋರಿನ ಗೋಡೆಗುಂಟ ಇಳಿದು ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ತಾನಾಗಿ ಏರಿದರೆ ಖುಷಿಪಡಬೇಡಿ, ಮೂಸಿ ನೋಡಿ. ಡೀಸೆಲ್ ವಾಸನೆ ಬಂದರೆ ಅವತ್ತೇ ಆಯಿಲ್ ಬದಲಿಸಿ.

ಫುಲ್ ಸಿಂಥೆಟಿಕ್ ಕೆಟ್ಟದ್ದಲ್ಲ. ಬಿಸಿಯನ್ನು ಹೆಚ್ಚು ತಾಳುತ್ತದೆ, ಹೆಚ್ಚು ದಿನ ಬಾಳುತ್ತದೆ. ಆದರೆ ಆ ಹೆಚ್ಚು ದಿನವನ್ನು ನೀವು ಬಳಸುವುದೇ ಇಲ್ಲವಲ್ಲ! ಹಳ್ಳಕ್ಕೆ ಇಳಿಯುವ ಗಾಡಿಯ ಆಯಿಲ್ಅನ್ನು ಹೇಗೂ ಬೇಗ ಬದಲಿಸಬೇಕು. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್ ಮಾಡಿಸಿ ಶಕ್ತಿ ಹೆಚ್ಚಿಸಿದ್ದರೆ ಮಾತ್ರ ಸಿಂಥೆಟಿಕ್‌ಗೆ ದುಡ್ಡು ಕೊಡುವುದರಲ್ಲಿ ಅರ್ಥವಿದೆ, ಏಕೆಂದರೆ ಆಗ ಬಿಸಿಯೂ ಹೆಚ್ಚು, ಮಸಿಯೂ ಹೆಚ್ಚು.

ಹಾಗಾದರೆ ಎಷ್ಟು ಬೇಗ? ಇಲ್ಲಿ ಕಿಲೋಮೀಟರ್ ಲೆಕ್ಕ ನಂಬಬೇಡಿ. ನಿಮ್ಮ ಗಾಡಿಯ ಮೂಲ ಟೈರ್ 235/70 ಆರ್16, ಎತ್ತರ ಸುಮಾರು 735 ಮಿಲಿಮೀಟರ್. 31 ಇಂಚೆಂದರೆ 787. ಟೈರ್ ಶೇ. 7ರಷ್ಟು ದೊಡ್ಡದಾದ್ದರಿಂದ ಮೀಟರ್ 10,000 ತೋರಿಸುವಾಗ ಗಾಡಿ 10,700 ಓಡಿರುತ್ತದೆ, ಅದೂ ಹೆಚ್ಚಿನ ಭಾರ ಎಳೆಯುತ್ತ. ಇದು ಸಣ್ಣ ತಪ್ಪು. ದೊಡ್ಡದು ಬೇರೆ ಇದೆ. ಲೋ ಗೇರ್‌ನಲ್ಲಿ ಎರಡು ಸಾವಿರ ಆರ್‌ಪಿಎಂನಲ್ಲಿ ಒಂದು ಗಂಟೆ ಗುಡ್ಡ ಹತ್ತಿದರೆ ಎಂಜಿನ್ 1,20,000 ಸುತ್ತು ತಿರುಗಿರುತ್ತದೆ, ಮೀಟರ್‌ನಲ್ಲಿ ಏಳೆಂಟು ಕಿಲೋಮೀಟರ್ ಮಾತ್ರ ಕಾಣುತ್ತದೆ. ಅಷ್ಟೇ ಸುತ್ತಿಗೆ ಹಾಸನದಿಂದ ಬೆಂಗಳೂರಿನ ಹೆದ್ದಾರಿಯಲ್ಲಿ ಎಷ್ಟು ದೂರ ಹೋಗಬಹುದು ಯೋಚಿಸಿ. ಟ್ರ್ಯಾಕ್ಟರ್‌ಗಳಿಗೆ ಗಂಟೆಯ ಮೀಟರ್ ಇರುವುದು ಇದಕ್ಕೇ. ಒಂದು ಚಿಕ್ಕ ಅವರ್ ಮೀಟರ್ ಕೂರಿಸಿಕೊಳ್ಳಿ, ಕೆಲಸ ಸುಲಭ. ನಾನು ಇಂಥ ಗಾಡಿಗಳಿಗೆ 150 ಗಂಟೆ ಅಥವಾ 5,000 ಕಿಲೋಮೀಟರ್, ಯಾವುದು ಮೊದಲೋ ಅದಕ್ಕೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸುತ್ತೇನೆ. ಬಣ್ಣ ನೋಡಿ ತೀರ್ಮಾನಿಸುವ ಅಭ್ಯಾಸ ಬಿಡಿ. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಕೂಡ ಸ್ವಲ್ಪ ಹೊತ್ತಿನಲ್ಲೇ ಕಪ್ಪಾಗುತ್ತದೆ. ಮಸಿಯನ್ನು ತನ್ನಲ್ಲಿ ತೇಲಿಸಿಟ್ಟುಕೊಳ್ಳುವುದು ಅದರ ಕೆಲಸ.

ಈಗ ಏರ್ ಫಿಲ್ಟರ್. ನಿಮ್ಮ ಎಂಜಿನ್‌ನ ಆಯಸ್ಸು ತೀರ್ಮಾನವಾಗುವುದು ಇಲ್ಲಿ.

ಫೆಬ್ರವರಿಯಿಂದ ಮುಂಗಾರಿನವರೆಗೆ ನಮ್ಮ ದಾರಿಗಳಲ್ಲಿ ಏಳುವ ಕೆಂಪು ಧೂಳು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ಕೈಗೆ ಮೃದುವೆನಿಸಿದರೂ ಅದರಲ್ಲಿರುವ ಸಿಲಿಕಾ ಕಣ ಎಂಜಿನ್‌ನ ಬಹುತೇಕ ಲೋಹಗಳಿಗಿಂತ ಗಟ್ಟಿ. ಕಳೆದ ಬೇಸಿಗೆಯಲ್ಲಿ ಬಿಚ್ಚಿದ ಒಂದು ಎಂಜಿನ್ ಹೇಳುತ್ತೇನೆ. ಬೇರಿಂಗ್‌ಗಳು ತಕ್ಕಮಟ್ಟಿಗೆ ಚೆನ್ನಾಗಿಯೇ ಇದ್ದವು. ಆದರೆ ಬೋರಿನ ಮೇಲ್ತುದಿಯಲ್ಲಿ ಉಗುರಿಗೆ ತಡೆಯುವಷ್ಟು ಮೆಟ್ಟಿಲು, ಮೇಲಿನ ರಿಂಗಿನ ಅಂಚು ಬ್ಲೇಡಿನಷ್ಟು ಚೂಪು. ಟರ್ಬೊದ ಗಾಳಿ ಎಳೆಯುವ ಚಕ್ರದ ರೆಕ್ಕೆಗಳ ತುದಿ ಸವೆದು ಮೊಂಡಾಗಿತ್ತು. ಏರ್ ಫಿಲ್ಟರ್ ಹೊಸದೇ. ಧೂಳು ಬಂದದ್ದು ಫಿಲ್ಟರ್ ಡಬ್ಬಿಗೂ ಟರ್ಬೊಗೂ ನಡುವಿನ ರಬ್ಬರ್ ಹೋಸ್‌ನ ಅಡಿಯಲ್ಲಿದ್ದ ಒಂದು ಸೀಳಿನಿಂದ. ಮೇಲಿನಿಂದ ನೋಡಿದರೆ ಕಾಣುತ್ತಲೇ ಇರಲಿಲ್ಲ.

ಇದನ್ನು ಕಂಡುಹಿಡಿಯಲು ಉಪಾಯವಿದೆ. ಫಿಲ್ಟರ್ ದಾಟಿದ ನಂತರದ ಕೊಳವೆಯ ಒಳಗೋಡೆಗೆ ಬೆರಳಿನಿಂದ ತೆಳ್ಳಗೆ ಗ್ರೀಸ್ ಸವರಿ ಮುಚ್ಚಿ. ಒಂದು ದಿನ ಧೂಳಿನ ದಾರಿಯಲ್ಲಿ ಓಡಿಸಿ, ಬಿಚ್ಚಿ, ಬಿಳಿ ಬಟ್ಟೆಯಲ್ಲಿ ಆ ಗ್ರೀಸ್ ಒರೆಸಿ ಎರಡು ಬೆರಳ ನಡುವೆ ತಿಕ್ಕಿ ನೋಡಿ. ಮರಳು ಮರಳಾಗಿ ತಾಗಿದರೆ ಎಲ್ಲೋ ಸೋರುತ್ತಿದೆ. ಸ್ನಾರ್ಕೆಲ್ ಫಿಲ್ಟರ್‌ಗಿಂತ ಮುಂಚಿನ ಭಾಗವಾದ್ದರಿಂದ ಅದರ ಸೋರಿಕೆಯಿಂದ ಧೂಳಿನ ಅಪಾಯ ಹೆಚ್ಚಿಲ್ಲ, ನೀರಿನ ಅಪಾಯ ಪೂರ್ತಿ ಇದೆ. ಮಡ್‌ಗಾರ್ಡ್‌ಗೆ ತೂತು ಕೊರೆದು ಸ್ನಾರ್ಕೆಲ್ ಕೂರಿಸಿ, ಒಳಗಿನ ಹೋಸನ್ನು ಕೈಯಲ್ಲಿ ಒತ್ತಿ ಸಿಕ್ಕಿಸಿ ಕಳಿಸುವವರಿದ್ದಾರೆ. ಅಂಥ ಸ್ನಾರ್ಕೆಲ್ ನಂಬಿ ಬಾನೆಟ್ ಎತ್ತರದ ನೀರಿಗೆ ಇಳಿದರೆ ನೀರು ಸಿಲಿಂಡರ್ ಸೇರುತ್ತದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ರತಿ ಜೋಡಣೆಗೂ ಕ್ಲಿಪ್ ಇರಬೇಕು. ಫಿಲ್ಟರ್ ಡಬ್ಬಿಯ ತಳದಲ್ಲಿ ನೀರು ಬಸಿಯುವ ತೂತು ಅಥವಾ ರಬ್ಬರ್ ಮೂತಿ ಇದ್ದರೆ ಅದರ ಸ್ಥಿತಿಯನ್ನೂ ನೋಡಿ.

ಹತ್ತಿಯ ಫಿಲ್ಟರ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಬೇಡ. ಅದು ಗಾಳಿಯನ್ನು ಸಲೀಸಾಗಿ ಬಿಡುವುದು ನಿಜ. ಆದರೆ ಪೌಡರಿನಂಥ ಧೂಳನ್ನು ಹಿಡಿಯುವುದರಲ್ಲಿ ಒಳ್ಳೆಯ ಕಾಗದದ ಫಿಲ್ಟರ್‌ಗೆ ಸಮನಲ್ಲ. ತೊಳೆದ ಮೇಲೆ ಅದಕ್ಕೆ ಆಯಿಲ್ ಹಚ್ಚಬೇಕು. ಕಡಿಮೆಯಾದರೆ ಧೂಳು ನುಗ್ಗುತ್ತದೆ, ಹೆಚ್ಚಾದರೆ ಗಾಳಿ ಅಳೆಯುವ ಸೆನ್ಸರ್‌ಗೆ ಜಿಡ್ಡು ಹಿಡಿಯುತ್ತದೆ. ರೇಸ್ ಟ್ರ್ಯಾಕ್‌ನ ಗಾಡಿಗೆ ಅದು ಸರಿ, ಎಸ್ಟೇಟ್ ದಾರಿಗಲ್ಲ. ಅದರ ಬದಲು ಸ್ನಾರ್ಕೆಲ್ ತಲೆಗೆ ಧೂಳನ್ನು ಸುತ್ತಿಸಿ ಹೊರಗೆಸೆಯುವ ಪ್ರೀ-ಕ್ಲೀನರ್ ಹಾಕಿಸಿ, ಟ್ರ್ಯಾಕ್ಟರ್‌ಗಳಲ್ಲಿ ಇರುವಂಥದ್ದು. ಫಿಲ್ಟರ್‌ಗೆ ಬೀಳುವ ಹೊರೆ ಅರ್ಧಕ್ಕರ್ಧ ಇಳಿಯುತ್ತದೆ.

ಕಾಗದದ ಫಿಲ್ಟರನ್ನು ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯಿಂದ ಊದಿಸುವುದನ್ನು ದಯವಿಟ್ಟು ನಿಲ್ಲಿಸಿ. ಆ ಒತ್ತಡಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ಸೀಳುಗಳಾಗುತ್ತವೆ. ಡಬ್ಬಿ ತೆರೆದಾಗಲೆಲ್ಲ ಒಂದಿಷ್ಟು ಧೂಳು ಒಳಬದಿಗೆ ಬೀಳುವುದೂ ಉಂಟು. ತುಸು ಕೊಳೆಯಾದ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ ಎಂದರೆ ಅನೇಕರು ನಂಬುವುದಿಲ್ಲ, ಆದರೆ ಅದು ಸತ್ಯ. ತುಂಬಿದ್ದು ಸಾಕೆನಿಸಿದಾಗ ಎಸೆದು ಹೊಸದು ಹಾಕಿ. ನೀರು ತಾಗಿದ ಕಾಗದವನ್ನು ಒಣಗಿಸಿ ಮತ್ತೆ ಹಾಕಬೇಡಿ.

ಆಯಿಲ್ ಫಿಲ್ಟರ್ ವಿಷಯ ಚಿಕ್ಕದು. ಕಂಪನಿಯದ್ದು ಅಥವಾ ಹೆಸರಾಂತ ಫಿಲ್ಟರ್ ತಯಾರಕರದ್ದು ಕೊಳ್ಳಿ. ಅದರೊಳಗೆ ಒಂದು ಬೈಪಾಸ್ ವಾಲ್ವ್ ಇರುತ್ತದೆ. ಕಾಗದ ಕಟ್ಟಿಕೊಂಡರೆ ಅಥವಾ ಆಯಿಲ್ ತೀರಾ ಗಟ್ಟಿಯಿದ್ದರೆ ಅದು ತೆರೆದು, ಸೋಸದ ಆಯಿಲ್ ಬೇರಿಂಗ್‌ಗೆ ಹೋಗುತ್ತದೆ. ಕಳಪೆ ಫಿಲ್ಟರ್‌ನ ಸ್ಪ್ರಿಂಗ್ ಸಡಿಲವಿದ್ದರೆ ವಾಲ್ವ್ ಬೇಗನೆ ತೆರೆದುಕೊಳ್ಳುತ್ತದೆ, ಆಗ ಫಿಲ್ಟರ್ ಇದ್ದೂ ಇಲ್ಲದಂತೆ. ಹೊಸದನ್ನು ಕೂರಿಸುವ ಮುಂಚೆ ಹಳೆಯ ರಬ್ಬರ್ ರಿಂಗ್ ಬ್ಲಾಕ್‌ಗೆ ಅಂಟಿಕೊಂಡು ಉಳಿದಿಲ್ಲವೆಂದು ಬೆರಳಾಡಿಸಿ ನೋಡಿ. ಎರಡು ರಿಂಗ್ ಸೇರಿದರೆ ಆಯಿಲ್ ಪೂರ್ತಿ ಹೊರಗೆ ಚೆಲ್ಲುತ್ತದೆ. ತೆಗೆದ ಫಿಲ್ಟರನ್ನು ತಗಡು ಕತ್ತರಿಯಿಂದ ಸೀಳಿ, ಕಾಗದವನ್ನು ಬಿಡಿಸಿ ಬಿಸಿಲಿನಲ್ಲಿ ಹಿಡಿಯಿರಿ. ಹೊಳೆಯುವ ಚೂರುಗಳು ಅಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ, ಅಂಟದಿದ್ದರೆ ಬೇರಿಂಗ್‌ನದೋ ಪಿಸ್ಟನ್‌ನದೋ ಲೋಹ. ಯಾವುದೇ ಆದರೂ ಮೆಕ್ಯಾನಿಕ್‌ಗೆ ತೋರಿಸಿ.

ಡೀಸೆಲ್ ಫಿಲ್ಟರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ತೋಟಗಳಲ್ಲಿ ಡ್ರಮ್‌ನಲ್ಲಿ ಇಟ್ಟ ಡೀಸೆಲ್ ಹಾಕುವ ರೂಢಿ ಇದೆ. ಮಳೆಗಾಲದಲ್ಲಿ ಅದರ ತಳದಲ್ಲಿ ನೀರು ಸೇರುತ್ತದೆ. ಸಿಆರ್‌ಡಿಇ ಇಂಜೆಕ್ಟರ್‌ಗಳಿಗೆ ಒಂದು ಹನಿ ನೀರೂ ದುಬಾರಿ. ಹೊರಡುವ ಮುನ್ನ ಫಿಲ್ಟರ್ ತಳದ ಸ್ಕ್ರೂ ಸಡಿಲಿಸಿ, ಬರಿಯ ಡೀಸೆಲ್ ಬರುವ ತನಕ ಬಿಡಿ. ಹೊಸ ಫಿಲ್ಟರ್‌ಗೆ ಕ್ಯಾನ್‌ನಿಂದ ಡೀಸೆಲ್ ಸುರಿದು ಕೂರಿಸುವುದು ತಪ್ಪು, ಸೋಸದ ಡೀಸೆಲ್ ನೇರವಾಗಿ ಪಂಪ್‌ಗೆ ಹೋಗುತ್ತದೆ. ಕೈಪಂಪ್‌ನಿಂದಲೇ ಎಳೆಸಿ.

ಆಯಿಲ್ ಮಟ್ಟವನ್ನು ಮೇಲಿನ ಗುರುತಿಗೆ ಸರಿಯಾಗಿ ಇಡಿ. ಕಡಿದಾದ ಏರಿನಲ್ಲಿ ಆಯಿಲ್, ಎಂಜಿನ್ ತಳದ ಚೇಂಬರ್‌ನ ಒಂದು ಬದಿಗೆ ಸರಿಯುವುದರಿಂದ ಕಡಿಮೆಯಿದ್ದರೆ ಪಂಪ್ ಗಾಳಿ ಎಳೆಯುತ್ತದೆ. ಹಾಗೆಂದು ಅರ್ಧ ಲೀಟರ್ ಹೆಚ್ಚಿಗೆ ಸುರಿಯುವವರಿದ್ದಾರೆ. ಆಗ ಕ್ರ್ಯಾಂಕ್ ಆಯಿಲ್‌ಗೆ ಬಡಿದು ನೊರೆಯೇಳುತ್ತದೆ, ನೊರೆ ಬೇರಿಂಗನ್ನು ಕಾಯುವುದಿಲ್ಲ. ಆಯಿಲ್ ಒತ್ತಡದ ಗೇಜ್ ಒಂದನ್ನು ಹಾಕಿಸಿ. ಡ್ಯಾಶ್‌ಬೋರ್ಡ್‌ನ ಕೆಂಪು ದೀಪ ಹತ್ತುವುದು ಒತ್ತಡ ಹೆಚ್ಚುಕಡಿಮೆ ಕುಸಿದುಹೋದ ಮೇಲೆ.

ಆಳದ ನೀರು ದಾಟಿ ಬಂದ ಮರುದಿನ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ, ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆತಂತೆ ಕಂಡರೆ ಚಾವಿ ಮುಟ್ಟಬೇಡಿ. ಅನುಮಾನವಿದ್ದರೆ ಚೇಂಬರ್ ಪ್ಲಗ್ಅನ್ನು ಒಂದೆರಡು ಸುತ್ತು ಸಡಿಲಿಸಿ: ರಾತ್ರಿಯೆಲ್ಲ ತಳಕ್ಕೆ ಇಳಿದ ನೀರಿದ್ದರೆ ಆಯಿಲ್‌ಗಿಂತ ಮೊದಲು ಅದೇ ತೊಟ್ಟಿಕ್ಕುತ್ತದೆ. ಚಕ್ರಗಳ ನಡುವಿನ ಆಕ್ಸಲ್ ಹೌಸಿಂಗ್‌ಗಳದ್ದೂ ಇದೇ ಕಥೆ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್‌ನಿಂದಲೋ (ಹೌಸಿಂಗ್‌ನ ಗಾಳಿ ಆಡುವ ತೂತು) ಸೀಲ್‌ನಿಂದಲೋ ನೀರನ್ನು ಒಳಗೆಳೆದುಕೊಳ್ಳುತ್ತದೆ. ಬ್ರೀದರ್‌ಗೆ ಉದ್ದನೆಯ ಟ್ಯೂಬ್ ಸಿಕ್ಕಿಸಿ ಎಂಜಿನ್ ಕೋಣೆಯ ಮೇಲ್ಭಾಗಕ್ಕೆ ತಂದು ಕಟ್ಟಿಸಿ. ಸ್ನಾರ್ಕೆಲ್ ಹಾಕಿಸಿದ ಬಹಳಷ್ಟು ಜನ ಇದನ್ನು ಮಾಡಿಸಿಯೇ ಇರುವುದಿಲ್ಲ. ನಿಮ್ಮ ಗಾಡಿಯಲ್ಲಿ ಆಗಿದೆಯೇ ಎಂದು ಅಡಿಗೆ ಬಗ್ಗಿ ನೋಡಿ ತಿಳಿಸಿ.