ಎಂಜಿನಿಯರಿಂಗ್‌ನಲ್ಲಿ ಇನ್ಫರ್ಮೇಶನ್ ಸೈನ್ಸ್ (ಐಎಸ್) ಓದುವ ಮಕ್ಕಳಿಗೆ ತೃಪ್ತಿ ಇದೆಯಾ? ಶಿವಮೊಗ್ಗದಿಂದ ಒಂದು ಉತ್ತರ

ನೀವು ಕೇಳಿದ್ದು ಇಷ್ಟು: ಮನೆ ಹೊಸನಗರದ ಕಡೆ, ಮಗಳಿಗೆ ಸಿಇಟಿಯಲ್ಲಿ ಶಿವಮೊಗ್ಗದಲ್ಲೇ ಇನ್ಫರ್ಮೇಶನ್ ಸೈನ್ಸ್ ಸೀಟು ಸಿಗುವ ಹಾಗಿದೆ. ಐಟಿ ಡಿಗ್ರಿ ಮಾಡುವ ಮಕ್ಕಳು ಖುಷಿಯಾಗಿದ್ದಾರಾ, ಸೇರಿಸಬಹುದಾ?

ನಾನು ಇದೇ ಊರಿನಲ್ಲಿ ಐಎಸ್ ಓದಿದವಳು. ಈಗ ಇಲ್ಲೇ ಅದೇ ಪಾಠ ಮಾಡುತ್ತೇನೆ. ಸೇರಿಸಿ ಅಂತಲೇ ಹೇಳುತ್ತೇನೆ. ಆದರೆ ಈ ಓದಿನಲ್ಲಿ ಖುಷಿ ಯಾವಾಗ ಹುಟ್ಟುತ್ತದೆ, ಯಾವಾಗ ಕೈಕೊಡುತ್ತದೆ ಅನ್ನುವುದು ನಿಮಗೆ ಮೊದಲೇ ಗೊತ್ತಿರಲಿ.

ಮೊದಲ ವರ್ಷ ಹೆಚ್ಚಿನ ಮಕ್ಕಳಿಗೆ ಬೇಸರವೇ. ಕಂಪ್ಯೂಟರ್ ಓದೋಣ ಅಂತ ಬಂದರೆ ಮತ್ತೆ ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ. ಎಸ್ಎಸ್ಎಲ್‌ಸಿ ತನಕ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಪಾಠ ಅರ್ಥವಾದರೂ ಎದ್ದು ನಿಂತು ಕೇಳಲು ಸಂಕೋಚ. ನಮ್ಮ ಮಲೆನಾಡಿನ ಹಳ್ಳಿಗಳಿಂದ ಬರುವವರಲ್ಲಿ ಇದು ಜಾಸ್ತಿ. ಕನ್ನಡದಲ್ಲೇ ಕೇಳಿ ಅಂತ ನಾನು ಮೊದಲ ದಿನವೇ ಹೇಳಿಬಿಡುತ್ತೇನೆ. 'ಪಾಯಿಂಟರ್ ಯಾಕೆ ಬೇಕು ಮೇಡಂ' ಅಂತ ಕನ್ನಡದಲ್ಲಿ ಕೇಳಿದ ಹುಡುಗನೇ ಆಮೇಲೆ ಸಿ ಪ್ರೋಗ್ರಾಮಿಂಗ್‌ನಲ್ಲಿ ಎಲ್ಲರಿಗಿಂತ ಮುಂದೆ ಹೋದದ್ದನ್ನು ನೋಡಿದ್ದೇನೆ. ಈ ಹಂತದ ಬೇಸರಕ್ಕೆ ಹೆದರಬೇಡಿ.

ನಿಜವಾದ ತಿರುವು ಎರಡನೇ ವರ್ಷ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರಲ್ಲಿ ತಂದ ಸ್ಕೀಮಿನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ 3ನೇ ಸೆಮಿಸ್ಟರಿಗೆ, ಡೇಟಾಬೇಸ್ 4ನೇ ಸೆಮಿಸ್ಟರಿಗೆ ಬರುತ್ತವೆ. ಇವೆಲ್ಲ ಕಂಪ್ಯೂಟರ್ ಸೈನ್ಸ್‌ಗೂ (ಸಿಎಸ್) ಐಎಸ್‌ಗೂ ಒಂದೇ. ಹಾಗಾಗಿ 'ಸಿಎಸ್ ಸಿಗಲಿಲ್ಲ, ಐಎಸ್ ಆಯ್ತು' ಅಂತ ಮನೆಯಲ್ಲಿ ದಯವಿಟ್ಟು ಕೊರಗಬೇಡಿ. ಮಕ್ಕಳು ಆ ಕೊರಗನ್ನು ಕ್ಲಾಸಿಗೂ ಹೊತ್ತು ತರುತ್ತಾರೆ.

ಲ್ಯಾಬಿನಲ್ಲಿ ಎರಡು ಥರದ ಮಕ್ಕಳು ಸಿಗುತ್ತಾರೆ. ಒಬ್ಬರು ಮ್ಯಾನುಯಲ್ ನೋಡಿ ಪ್ರೋಗ್ರಾಮ್ ಟೈಪ್ ಮಾಡಿ, ಔಟ್‌ಪುಟ್ ಬಂದ ಕೂಡಲೇ ರೆಕಾರ್ಡ್ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಇಂಟರ್ನಲ್ಸ್‌ಗೆ, ಅಂದರೆ ಕಾಲೇಜಿನಲ್ಲೇ ಕೊಡುವ ಅಂಕಕ್ಕೆ 50, ಸೆಮಿಸ್ಟರ್ ಪರೀಕ್ಷೆಗೆ 50 ಅಂಕ. ಹೀಗೆ ಮಾಡಿಯೂ ಪಾಸಾಗಬಹುದು. ಆದರೆ ಕೊನೇ ವರ್ಷದಲ್ಲಿ 'ನಾಲ್ಕು ವರ್ಷ ಏನು ಕಲಿತೆ ಅಂತಲೇ ಗೊತ್ತಿಲ್ಲ' ಅನ್ನುವವರು ಇವರೇ. ಇನ್ನೊಬ್ಬರು ತಪ್ಪೋ ಸರಿಯೋ ತಾವೇ ಬರೆದು ನೋಡುತ್ತಾರೆ.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಅಡಿಕೆ ಬೆಳೆಗಾರರ ಮನೆಯವಳು. ಅಪ್ಪನಿಗೋಸ್ಕರ ಮಾರುಕಟ್ಟೆ ರೇಟು ಬರೆದಿಡುವ ಪುಟ್ಟ ಆಪ್ ಮಾಡಲು ಹೊರಟಳು. ಒಂದೇ ಟೇಬಲ್: ದಿನಾಂಕ, ಮಾರುಕಟ್ಟೆ, ಆಮೇಲೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ಒಂದೊಂದು ಬಗೆಗೆ ಒಂದೊಂದು ಕಾಲಮ್. ಅಪ್ಪ ನೋಡಿ, 'ಕನಿಷ್ಠ ರೇಟು ಎಲ್ಲಿ? ಬರೀ ಗರಿಷ್ಠ ಇಟ್ಟುಕೊಂಡು ಏನು ಮಾಡೋದು?' ಅಂದರಂತೆ. ಇವಳು ನಾಲ್ಕು ಕಾಲಮ್ಮನ್ನು ಎಂಟು ಮಾಡಿದಳು. ಸ್ವಲ್ಪ ದಿನಕ್ಕೆ ಸಿಪ್ಪೆಗೋಟೂ ಸೇರಿಸು ಅಂದರು. ಮತ್ತೆ ಟೇಬಲ್ಲೇ ಬದಲಾಗಬೇಕು. ಆಗ ನನ್ನ ಹತ್ತಿರ ಬಂದಳು. ಇಬ್ಬರೂ ಕೂತು ಅಡಿಕೆಯ ಬಗೆಗಳಿಗೆ ಒಂದು ಟೇಬಲ್, ಮಾರುಕಟ್ಟೆಗಳಿಗೆ ಒಂದು, ರೇಟುಗಳಿಗೇ ಬೇರೆ ಒಂದು ಮಾಡಿದೆವು. ಇನ್ನು ಹೊಸ ಬಗೆ ಬಂದರೆ ಒಂದು ಸಾಲು ಸೇರಿಸಿದರೆ ಮುಗಿಯಿತು. 'ನಾರ್ಮಲೈಸೇಶನ್ ಅಂದ್ರೆ ಇದೇನಾ ಮೇಡಂ?' ಅಂತ ಕೇಳಿದಳು. ಮಾಹಿತಿಯನ್ನು ಹೀಗೆ ಬೇರೆ ಬೇರೆ ಟೇಬಲ್ಲಿಗೆ ಹಂಚುವುದಕ್ಕೆ ಡೇಟಾಬೇಸ್ ಪಾಠದಲ್ಲಿ ಆ ಹೆಸರು. ಅದೇ ಪಾಠವನ್ನು ಆ ಮೊದಲು ಬೋರ್ಡಿನ ಮೇಲೆ ಮಾಡಿದ್ದೆ, ಅವಳು ಇಂಟರ್ನಲ್ಸ್‌ನಲ್ಲಿ ಬರೆದೂ ಇದ್ದಳು. ಆದರೆ ಮುಖದ ಮೇಲೆ ಆ ಸಂತೋಷ ಕಂಡದ್ದು ಅವತ್ತು. ನಾನು ತೃಪ್ತಿ ಅನ್ನುವುದು ಇದಕ್ಕೆ.

ಮಕ್ಕಳನ್ನು ಕೇಳಿದರೆ ಮಾತ್ರ ತೃಪ್ತಿ ಅಂದರೆ ಪ್ಲೇಸ್‌ಮೆಂಟ್ (ಕಾಲೇಜಿನ ಮೂಲಕ ಸಿಗುವ ಕೆಲಸ) ಅನ್ನುತ್ತಾರೆ. ತಪ್ಪಲ್ಲ, ಮನೆಯಲ್ಲಿ ಸಾಲ ಇರುತ್ತದೆ. ಆದರೆ ಅದು ಅವರ ಕೈಯಲ್ಲಿ ಪೂರ್ತಿ ಇರುವುದಿಲ್ಲ. ಕೊರೊನಾ ಕಾಲದ ಬೇಡಿಕೆಯಲ್ಲಿ ಕಂಪನಿಗಳು 2021-22ರಲ್ಲಿ ಸಿಕ್ಕಾಪಟ್ಟೆ ಜನರನ್ನು ತಗೊಂಡವು. ಮುಂದೆ ಅದೇ ಕಂಪನಿಗಳು ಹೊಸಬರನ್ನು ತಗೊಳ್ಳುವುದು ಕಡಿಮೆ ಮಾಡಿದವು. ಆಫರ್ ಲೆಟರ್ ಕೈಯಲ್ಲಿದ್ದೂ ಸೇರುವ ದಿನಾಂಕಕ್ಕೆ ವರ್ಷಗಟ್ಟಲೆ ಕಾದವರಿದ್ದಾರೆ. ಓದಿನ ಇಡೀ ಖುಷಿಯನ್ನು ಆ ಒಂದು ಕಾಗದಕ್ಕೆ ಕಟ್ಟಿಟ್ಟವರು ಆಗ ಕುಸಿದುಹೋದರು. ನೋಡಿ ನನಗೆ ತುಂಬಾ ಸಂಕಟವಾಯಿತು. ಸೇರಿದವರಿಗೂ ದೊಡ್ಡ ಸರ್ವಿಸ್ ಕಂಪನಿಗಳಲ್ಲಿ ಶುರುವಿನ ಸಂಬಳ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ಬೆಂಗಳೂರಿನ ಪಿಜಿ ಬಾಡಿಗೆ, ಊಟ ಕಳೆದರೆ ಮನೆಗೆ ಕಳಿಸಲು ಉಳಿಯುವುದು ಕಮ್ಮಿ. ಇದನ್ನು ಮಗಳ ಜೊತೆ ಈಗಲೇ ಮಾತಾಡಿಕೊಳ್ಳಿ. ಹಾಗೇ, ಬಹಳ ಕಂಪನಿಗಳು ಎಸ್ಎಸ್ಎಲ್‌ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇಕಡಾ 60 ಕೇಳುತ್ತವೆ, ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇರಬಾರದು ಅನ್ನುತ್ತವೆ.

ಕಾಲೇಜು ನೋಡಲು ಬಂದಾಗ ಕಟ್ಟಡ, ಬ್ರೋಷರ್ ನೋಡಿ ಹೋಗಬೇಡಿ. ಕೊನೇ ವರ್ಷದ ಮಕ್ಕಳನ್ನು ಹಿಡಿದು 'ನಿಮ್ಮ ಪ್ರಾಜೆಕ್ಟ್ ಒಮ್ಮೆ ಓಡಿಸಿ ತೋರಿಸ್ತೀರಾ' ಅಂತ ಕೇಳಿ. ಉತ್ಸಾಹದಿಂದ ಲ್ಯಾಪ್‌ಟಾಪ್ ತೆಗೆದರೆ ಆ ಕಡೆ ಕಲಿಕೆ ಇದೆ. ಕ್ಲಾಸ್ ಮುಗಿದ ಮೇಲೆ ಲ್ಯಾಬ್ ತೆರೆದಿರುತ್ತದಾ ಅಂತಲೂ ಕೇಳಿ. ಸ್ವಂತ ಲ್ಯಾಪ್‌ಟಾಪ್ ಇಲ್ಲದ ಮಕ್ಕಳಿಗೆ ಅದೇ ದೊಡ್ಡ ಆಸರೆ.

ಇನ್ನೊಂದು ಮಾತು. ದಿನಾ ಬಸ್ಸಿನಲ್ಲಿ ಓಡಾಡಿಸುವ ಯೋಚನೆ ಇದ್ದರೆ ಬಿಡಿ. ರಿಪ್ಪನ್‌ಪೇಟೆ, ಆಯನೂರು ದಾಟಿ ಬಂದು ಹೋಗುವುದರಲ್ಲೇ ದಿನ ಮುಗಿಯುತ್ತದೆ. ಮಳೆಗಾಲದಲ್ಲಿ ಸಂಜೆ ಮನೆ ಮುಟ್ಟಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಕೋಡ್ ಬರೆಯುವುದು ಯಾವಾಗ? ಮೊದಲ ಎರಡು ವರ್ಷವಾದರೂ ಹಾಸ್ಟೆಲ್‌ನಲ್ಲಿ ಬಿಡಿ.

ಮಗಳಿಗೆ ಏನು ಇಷ್ಟ ಅಂತ ನೀವು ಬರೆದೇ ಇಲ್ಲ. ಅವಳಿಗೆ ಸರ್ಕ್ಯೂಟ್, ಎಲೆಕ್ಟ್ರಾನಿಕ್ಸ್ ಕಡೆ ಮನಸ್ಸಿದ್ದರೆ ನನ್ನ ಉತ್ತರ ಬೇರೆಯೇ ಆಗುತ್ತದೆ. ಅಣಕು ಸೀಟು ಹಂಚಿಕೆ (ಮಾಕ್ ಅಲಾಟ್‌ಮೆಂಟ್) ಆದ ಮೇಲೂ ಆಯ್ಕೆಗಳ ಕ್ರಮ ಬದಲಿಸಲು ಸಿಇಟಿ ನಡೆಸುವ ಕೆಇಎ ಅವಕಾಶ ಕೊಡುತ್ತದೆ. ಅಷ್ಟರೊಳಗೆ ಅವಳನ್ನೇ ಕೂರಿಸಿಕೊಂಡು ಕೇಳಿ, ಇಲ್ಲಿ ಬರೆಯಿರಿ.