ಬಲ್ಬಿನ ತಂತುವಿಗೆ ಟಂಗ್‌ಸ್ಟನ್ನೇ ಏಕೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ವಿದ್ಯುದ್ದೀಪಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ತಂತುವಿನ ಲೋಹವನ್ನೇ ಕುರಿತಿದ್ದುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಟಂಗ್‌ಸ್ಟನ್ನಿನ ಕರಗುವ ಬಿಂದು ಹೆಚ್ಚಾಗಿರುವುದರಿಂದ ಅದನ್ನು ಬಲ್ಬಿಗೆ ಬಳಸುತ್ತಾರೆ ಎಂದು ನಮ್ಮ ಪಠ್ಯಪುಸ್ತಕದಲ್ಲಿದೆ. ಇಂಗಾಲ ಅದಕ್ಕಿಂತಲೂ ಹೆಚ್ಚು ಶಾಖ ತಡೆಯುತ್ತದಲ್ಲವೇ? ಎಡಿಸನ್ ಬಳಸಿದ್ದ ಇಂಗಾಲವನ್ನು ಕೈಬಿಟ್ಟದ್ದೇಕೆ? ಹೀಟರಿನಲ್ಲಿರುವ ನಿಕ್ರೋಮ್ ತಂತಿ ಏಕೆ ಆಗುವುದಿಲ್ಲ?
(ಪಿಯುಸಿ ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ನಿಮ್ಮ ಸಂದೇಹ ನ್ಯಾಯವಾದದ್ದು. ಪಠ್ಯಪುಸ್ತಕದ ಮಾತು ಸುಳ್ಳಲ್ಲ, ಆದರೆ ಅದು ಅರ್ಧ ಕಾರಣವನ್ನಷ್ಟೇ ಹೇಳುತ್ತದೆ. ಕಾದ ವಸ್ತು ಹೊರಸೂಸುವ ಶಕ್ತಿಯಲ್ಲಿ ಬಹುಪಾಲು ಕಣ್ಣಿಗೆ ಕಾಣದ ಅವಕೆಂಪು ಕಿರಣವಾಗಿಯೇ ಹೋಗುತ್ತದೆ. ಉಷ್ಣತೆ ಏರಿದಂತೆಲ್ಲ ಕಾಣುವ ಬೆಳಕಿನ ಪಾಲು ಬಹಳ ಬೇಗ ಹೆಚ್ಚುತ್ತದೆ. ಆದ್ದರಿಂದ ತಂತುವನ್ನು ಸಾಧ್ಯವಾದಷ್ಟು ಹೆಚ್ಚು ಕಾಯಿಸಿದರೆ ಮಾತ್ರ ಕೊಟ್ಟ ವಿದ್ಯುತ್ತಿಗೆ ತಕ್ಕ ಬೆಳಕು ಸಿಗುತ್ತದೆ. ನಿಕ್ರೋಮ್ ಸುಮಾರು 1,400 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ ಅದನ್ನು ಕೆಂಪಗೆ ಕಾಯಿಸಿ ನೀರು ಬಿಸಿ ಮಾಡಬಹುದೇ ಹೊರತು ಓದುವಷ್ಟು ಬೆಳಕನ್ನು ಅದರಿಂದ ಪಡೆಯಲಾಗದು. ಅದರ ದೊಡ್ಡ ಗುಣವೆಂದರೆ ಕಾದಾಗಲೂ ಗಾಳಿಯಲ್ಲಿ ಸುಟ್ಟುಹೋಗದಿರುವುದು. ಬಲ್ಬಿನೊಳಗೆ ಗಾಳಿಯೇ ಇಲ್ಲವಾದ್ದರಿಂದ ಆ ಗುಣಕ್ಕೆ ಅಲ್ಲಿ ಕೆಲಸವಿಲ್ಲ. ಟಂಗ್‌ಸ್ಟನ್ ಇದಕ್ಕೆ ನೇರ ವಿರುದ್ಧ: ಕಾದಾಗ ಗಾಳಿ ತಗುಲಿದರೆ ಕ್ಷಣದಲ್ಲಿ ಸುಟ್ಟು ಹೋಗುತ್ತದೆ, ಗಾಳಿಯಿಲ್ಲದ ಗಾಜಿನೊಳಗೆ ಮಾತ್ರ ಅದಕ್ಕೆ ಎಣೆಯಿಲ್ಲ.

ಇಂಗಾಲದ ವಿಷಯಕ್ಕೆ ಬರೋಣ. 1879ರಲ್ಲಿ ಎಡಿಸನ್ ಸುಟ್ಟ ಹತ್ತಿಯ ದಾರವನ್ನೂ ಆಮೇಲೆ ಜಪಾನಿನ ಬಿದಿರಿನ ಎಳೆಯನ್ನೂ ತಂತುವಾಗಿಸಿಕೊಂಡರು. ಇಂಗ್ಲೆಂಡಿನಲ್ಲಿ ಜೋಸೆಫ್ ಸ್ವಾನ್ ಅವರದೂ ಇಂಗಾಲದ ತಂತುವೇ ಆಗಿತ್ತು. ಇಂಗಾಲ ಕರಗುವುದಿಲ್ಲ ನಿಜ, ಆದರೆ ಅದು ಘನರೂಪದಿಂದಲೇ ನೇರವಾಗಿ ಆವಿಯಾಗುತ್ತದೆ, ಅದೂ ನಿರ್ವಾತದಲ್ಲಿ 2,000 ಡಿಗ್ರಿಯ ಆಸುಪಾಸಿನಲ್ಲೇ ಗಣನೀಯವಾಗಿ. ಆವಿಯಾದ ಇಂಗಾಲ ಗಾಜಿನ ಒಳಮೈಗೆ ಹತ್ತಿ ಬಲ್ಬು ಕಪ್ಪಾಗುತ್ತಿತ್ತು, ತಂತು ಸವೆದು ತುಂಡಾಗುತ್ತಿತ್ತು. ಹಾಗಾಗಿ ಇಂಗಾಲದ ದೀಪವನ್ನು 1,800 ಡಿಗ್ರಿಯ ಸುತ್ತಮುತ್ತಲೇ ಉರಿಸಬೇಕಾಗಿತ್ತು ಮತ್ತು ಅದರಿಂದ ಒಂದು ವ್ಯಾಟಿಗೆ ಸುಮಾರು 3 ಲ್ಯೂಮೆನ್ ಬೆಳಕಷ್ಟೇ ಸಿಗುತ್ತಿತ್ತು. ಅಂದರೆ ತಂತುವಿನ ಯೋಗ್ಯತೆಯನ್ನು ನಿರ್ಧರಿಸುವುದು ಕರಗುವ ಬಿಂದುವಿಗಿಂತ ಹೆಚ್ಚಾಗಿ ಆವಿಯಾಗುವ ವೇಗ. ಟಂಗ್‌ಸ್ಟನ್ 3,422 ಡಿಗ್ರಿಗೆ ಕರಗುತ್ತದೆ ಮತ್ತು ದೀಪದ ಉಷ್ಣತೆಯಲ್ಲಿ ಬೇರೆ ಯಾವ ಲೋಹಕ್ಕಿಂತಲೂ ನಿಧಾನವಾಗಿ ಆವಿಯಾಗುತ್ತದೆ. ಅದು ಗೆದ್ದದ್ದು ಈ ಎರಡನೆಯ ಗುಣದಿಂದ.

ಅದಕ್ಕೂ ಮೊದಲು ಬೇರೆ ಲೋಹಗಳ ಪರೀಕ್ಷೆ ನಡೆದಿತ್ತು. ಪ್ಲಾಟಿನಮ್ 1,768 ಡಿಗ್ರಿಗೇ ಕರಗುವುದರಿಂದ ಅದರ ಪ್ರಯತ್ನಗಳು ಬೇಗನೆ ಮುಗಿದವು. ಆಸ್ಟ್ರಿಯಾದ ಆವರ್ ಫಾನ್ ವೆಲ್ಸ್‌ಬಾಖ್ ಆಸ್ಮಿಯಮ್ ತಂತುವಿನ ದೀಪವನ್ನು 1902ರಲ್ಲಿ ಮಾರುಕಟ್ಟೆಗೆ ತಂದರು. ಬೆಳಕು ಚೆನ್ನಾಗಿತ್ತು, ಲೋಹ ಮಾತ್ರ ಅಪರೂಪದ್ದು, ತಂತು ಬಲು ಪೆಡಸು. ಬರ್ಲಿನ್ನಿನ ಸೀಮೆನ್ಸ್ ಆಂಡ್ ಹಾಲ್ಸ್ಕೆ ಕಂಪನಿಯಲ್ಲಿ ಫಾನ್ ಬೋಲ್ಟನ್ ಮತ್ತು ಫಾಯರ್‌ಲೈನ್ ಟ್ಯಾಂಟಲಮ್ ಲೋಹವನ್ನು ಶುದ್ಧಗೊಳಿಸಿ ತಂತಿಯಾಗಿ ಎಳೆದರು. 3,017 ಡಿಗ್ರಿಗೆ ಕರಗುವ ಈ ತಂತಿಯ ದೀಪಗಳು ಕೆಲವು ವರ್ಷ ಚೆನ್ನಾಗಿಯೇ ಮಾರಾಟವಾದವು. ಆದರೆ ಎಸಿ ವಿದ್ಯುತ್ತಿನಲ್ಲಿ ಟ್ಯಾಂಟಲಮ್ ತಂತು ಬೇಗನೆ ತುಂಡುತುಂಡಾಗುವ ಸ್ವಭಾವದ್ದಾಗಿದ್ದರಿಂದ ಎಸಿ ಹರಡಿದ ಊರುಗಳಲ್ಲಿ ಅದಕ್ಕೆ ನೆಲೆ ಸಿಗಲಿಲ್ಲ.

ಪ್ರಶ್ನೆ: ಟಂಗ್‌ಸ್ಟನ್ ಗಾಜಿನಂತೆ ಒಡೆಯುವ ಲೋಹ ಎಂದು ಓದಿದ್ದೇನೆ. ಹಾಗಿದ್ದರೆ ಕೂದಲಿಗಿಂತ ಸಪೂರವಾದ ತಂತಿ ಮಾಡುವುದು ಹೇಗೆ? ಅಷ್ಟು ಉಷ್ಣತೆಗೆ ಕರಗುವ ಲೋಹವನ್ನು ಯಾವ ಪಾತ್ರೆಯಲ್ಲಿ ಕರಗಿಸುತ್ತಾರೆ?
(ಪ್ರೌಢಶಾಲಾ ವಿಜ್ಞಾನ ಶಿಕ್ಷಕರು, ಸಿರ್ಸಿ)

ಉತ್ತರ: ಕರಗಿಸುವುದೇ ಇಲ್ಲ ಎಂಬುದರಲ್ಲಿ ಈ ವಿದ್ಯೆಯ ಸೊಗಸಿದೆ. ಟಂಗ್‌ಸ್ಟನ್ ಆಕ್ಸೈಡಿನ ಹಳದಿ ಪುಡಿಯನ್ನು ಹೈಡ್ರೋಜನ್ ಹರಿಯುವ ಕುಲುಮೆಯಲ್ಲಿ ಕಾಯಿಸಿದರೆ ಆಮ್ಲಜನಕ ಕಳಚಿಕೊಂಡು ಬೂದುಬಣ್ಣದ ಲೋಹದ ಪುಡಿ ಉಳಿಯುತ್ತದೆ. ಅದನ್ನು ಭಾರಿ ಒತ್ತಡದಲ್ಲಿ ಸರಳಿನಾಕಾರಕ್ಕೆ ಅದುಮುತ್ತಾರೆ. ಈ ಹಂತದಲ್ಲಿ ಸರಳು ಕೈಯಲ್ಲಿ ಮುರಿಯುವಷ್ಟು ದುರ್ಬಲವಾಗಿರುತ್ತದೆ. ಬಳಿಕ ಹೈಡ್ರೋಜನ್ ವಾತಾವರಣದಲ್ಲಿಟ್ಟು ಅದರ ಮೂಲಕವೇ ಭಾರಿ ವಿದ್ಯುತ್ ಹರಿಸಿ, ಕರಗುವುದಕ್ಕೆ ತುಸು ಕಡಿಮೆಯಾದ ಉಷ್ಣತೆಗೆ ಏರಿಸಿದಾಗ ಪುಡಿಯ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಸರಳು ಕುಗ್ಗಿ ಗಟ್ಟಿಯಾಗುತ್ತದೆ. ಸರಳೇ ಕುಲುಮೆಯಾಗುವುದರಿಂದ ಪಾತ್ರೆಯ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ಪೆಡಸುತನ. 1904ರಲ್ಲಿ ಅಲೆಕ್ಸಾಂಡರ್ ಯುಸ್ಟ್ ಮತ್ತು ಫ್ರಾನ್ಯೊ ಹನಮನ್ ಹಂಗೇರಿಯಲ್ಲಿ ಪೇಟೆಂಟ್ ಪಡೆದ ಮೊದಲ ಟಂಗ್‌ಸ್ಟನ್ ತಂತುಗಳು ತಂತಿಗಳಾಗಿರಲಿಲ್ಲ. ಲೋಹದ ಪುಡಿಗೆ ಅಂಟು ಕಲಸಿ, ಸಣ್ಣ ತೂತಿನ ಮೂಲಕ ಶ್ಯಾವಿಗೆಯ ಹಾಗೆ ಒತ್ತಿ, ಅಂಟನ್ನು ಸುಟ್ಟು ತೆಗೆದು ಮಾಡಿದ ಎಳೆಗಳು ಅವು. ಇಂಗಾಲದ ದೀಪಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಬೆಳಕು ಕೊಡುತ್ತಿದ್ದರೂ ಅವನ್ನು ಗಾಡಿಯಲ್ಲಿ ಸಾಗಿಸುವುದೇ ಕಷ್ಟವಾಗಿತ್ತು. ಬೆಂಗಳೂರಿನ ಬೀದಿಗಳಿಗೆ 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಾಗ ಜಗತ್ತಿನ ಯಾವ ಕಾರ್ಖಾನೆಗೂ ಟಂಗ್‌ಸ್ಟನ್ನನ್ನು ಬಾಗುವ ತಂತಿಯಾಗಿ ಮಾಡಲು ಬರುತ್ತಿರಲಿಲ್ಲ.

ಆ ಗಂಟನ್ನು ಬಿಡಿಸಿದವರು ಅಮೆರಿಕದ ಸ್ಕೆನೆಕ್ಟಡಿಯಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದ ವಿಲಿಯಮ್ ಕೂಲಿಜ್. ತಾಮ್ರವನ್ನಾಗಲಿ ಕಬ್ಬಿಣವನ್ನಾಗಲಿ ಬಡಿದರೆ ಗಡುಸಾಗುತ್ತದೆ, ಕಾಯಿಸಿ ಆರಲು ಬಿಟ್ಟರೆ ಮತ್ತೆ ಮೆದುವಾಗುತ್ತದೆ ಎಂಬುದು ಕಮ್ಮಾರರಿಗೆಲ್ಲ ಗೊತ್ತಿರುವ ಸಂಗತಿ. ಟಂಗ್‌ಸ್ಟನ್ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತದೆ ಎಂಬುದನ್ನು ಕೂಲಿಜ್ ಕಂಡುಕೊಂಡರು. ಬಿಸಿ ಸರಳನ್ನು, ಅದರ ಒಳಗಿನ ಹರಳುಗಳು ಹೊಸದಾಗಿ ರೂಪುಗೊಳ್ಳುವಷ್ಟು ಕಾಯಲು ಬಿಡದೆ, ಸುತ್ತಲಿಂದಲೂ ಬಡಿಯುವ ಯಂತ್ರಕ್ಕೆ ಕೊಟ್ಟು ಸ್ವಲ್ಪಸ್ವಲ್ಪವೇ ಸಪೂರಗೊಳಿಸುತ್ತ ಹೋದರೆ ಹರಳುಗಳು ಉದ್ದಕ್ಕೆ ಎಳೆದುಕೊಂಡು ನಾರಿನಂತಾಗುತ್ತವೆ. ಹೀಗೆ ನಾರುನಾರಾದ ಟಂಗ್‌ಸ್ಟನ್ ತಣ್ಣಗಾದ ಮೇಲೂ ಬಾಗುತ್ತದೆ. ಸಪೂರವಾದಂತೆಲ್ಲ ಕಾಯಿಸುವ ಉಷ್ಣತೆಯನ್ನು ಇಳಿಸುತ್ತ, ಕೊನೆಯಲ್ಲಿ ವಜ್ರದ ಅಚ್ಚುಗಳ ತೂತುಗಳಲ್ಲಿ ಒಂದಾದ ಮೇಲೊಂದರಂತೆ ಹಾಯಿಸಿ ಬೇಕಾದ ಗಾತ್ರಕ್ಕೆ ಎಳೆಯುತ್ತಾರೆ. ಮನೆಯ 60 ವ್ಯಾಟ್ ಬಲ್ಬಿನ ತಂತಿಯ ದಪ್ಪ ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ, ಉದ್ದ ಅರ್ಧ ಮೀಟರಿಗೂ ಮೀರಿದ್ದು. 1910ರ ಹೊತ್ತಿಗೆ ಈ ವಿಧಾನ ಕೈಗೂಡಿತು, 1913ರಲ್ಲಿ ಪೇಟೆಂಟ್ ದೊರೆಯಿತು. ಹೊಸ ಲೋಹವನ್ನೇನೂ ಹುಡುಕದೆ, ಇದ್ದ ಲೋಹದ ಒಳರಚನೆಯನ್ನು ಬದಲಿಸಿ ಗುರಿ ತಲುಪಿದ ಈ ಕೆಲಸವನ್ನು ನಾನು ದೀಪದ ಇತಿಹಾಸದಲ್ಲಿ ಎಡಿಸನ್ನರ ಸಾಧನೆಗಿಂತ ಕೆಳಗಿಡಲಾರೆ.

ಪ್ರಶ್ನೆ: ನನ್ನದು ಎಲೆಕ್ಟ್ರಿಕಲ್ ಅಂಗಡಿ. ಹಳೆಯ ಬಲ್ಬುಗಳಲ್ಲಿ ಸುರುಳಿ ಜೋತುಬಿದ್ದಿರುವುದು ಅಪರೂಪಕ್ಕೆ ಕಂಡರೂ ಹೆಚ್ಚಿನವುಗಳಲ್ಲಿ ಕೊನೆಯವರೆಗೂ ನೆಟ್ಟಗೇ ಇರುತ್ತದೆ. ಅಷ್ಟು ಕಾದ ಸಪೂರ ತಂತಿ ಬಾಗದಿರುವುದು ಹೇಗೆ? ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದ ಕ್ಷಣದಲ್ಲೇ ಹೋಗುವುದೇಕೆ?
(ಓದುಗರು, ಚಿತ್ರದುರ್ಗ)

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. 230 ವೋಲ್ಟಿನ 60 ವ್ಯಾಟ್ ಬಲ್ಬು ಉರಿಯುವಾಗ ತಂತುವಿನ ರೋಧ ಸುಮಾರು 880 ಓಮ್; ತಣ್ಣಗಿರುವಾಗ ಅದರ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಆದ್ದರಿಂದ ಸ್ವಿಚ್ ಹಾಕಿದೊಡನೆ ಒಂದು ಕ್ಷಣ ವಿಪರೀತ ವಿದ್ಯುತ್ತು ನುಗ್ಗುತ್ತದೆ, ಆವಿಯಾಗಿ ಸವೆದಿದ್ದ ಜಾಗ ಉಳಿದ ಭಾಗಕ್ಕಿಂತ ಮೊದಲೇ ಮಿತಿಮೀರಿ ಕಾದು ಕರಗಿಹೋಗುತ್ತದೆ. ಸುಟ್ಟ ಬಲ್ಬಿನ ತಂತುವನ್ನು ಭೂತಗನ್ನಡಿಯಲ್ಲಿ ನೋಡಿದರೆ ತುಂಡಾದ ತುದಿಯಲ್ಲಿ ಕರಗಿ ಉಂಡೆಗಟ್ಟಿದ ಲೋಹದ ಸಣ್ಣ ಮಣಿ ಕಾಣಿಸುತ್ತದೆ.

ಜೋತುಬೀಳುವ ವಿಷಯ ಇದಕ್ಕಿಂತ ಸ್ವಾರಸ್ಯಕರ. ಕೂಲಿಜ್ ನಾರಿನಂತೆ ಮಾಡಿದ ಹರಳುಗಳು ದೀಪ ಹೊತ್ತಿದೊಡನೆ, 2,500 ಡಿಗ್ರಿಯ ಶಾಖದಲ್ಲಿ, ಹೊಸದಾಗಿ ಬೆಳೆಯತೊಡಗುತ್ತವೆ. ಶುದ್ಧ ಟಂಗ್‌ಸ್ಟನ್ನಿನಲ್ಲಿ ಒಂದೊಂದು ಹರಳೂ ತಂತಿಯ ಅಡ್ಡಗಲವನ್ನೆಲ್ಲ ಆವರಿಸಿ, ಬಿದಿರಿನ ಗೆಣ್ಣುಗಳ ಹಾಗೆ ಸಾಲಾಗಿ ನಿಲ್ಲುತ್ತದೆ. ಈ ಗೆಣ್ಣುಗಳಲ್ಲೇ ಹರಳುಗಳು ಒಂದರ ಮೇಲೊಂದು ಜಾರುತ್ತವೆ, ತಂತಿ ಬಾಗುತ್ತದೆ ಅಥವಾ ಮುರಿಯುತ್ತದೆ. ಇರ್ವಿಂಗ್ ಲ್ಯಾಂಗ್ಮ್ಯೂರ್ 1913ರ ಸುಮಾರಿಗೆ ಬಲ್ಬಿನೊಳಗೆ ಸಾರಜನಕ, ಅನಂತರ ಆರ್ಗಾನ್ ತುಂಬಿ ಆವಿಯಾಗುವುದನ್ನು ತಗ್ಗಿಸಿದರು. ಅನಿಲಕ್ಕೆ ಶಾಖ ಸೋರಿಹೋಗದಿರಲೆಂದು ತಂತಿಯನ್ನು ಒತ್ತಾದ ಸುರುಳಿಯಾಗಿ ಸುತ್ತಿದರು. ಆಗ ಜೋತುಬೀಳುವುದು ನಿಜವಾದ ಸಮಸ್ಯೆಯಾಯಿತು, ಏಕೆಂದರೆ ಸುರುಳಿ ಬಾಗಿ ಸುತ್ತುಗಳು ಒಂದಕ್ಕೊಂದು ತಾಕಿದರೆ ಅಷ್ಟು ಭಾಗದ ತಂತು ಇದ್ದೂ ಇಲ್ಲದಂತೆ.

ಮೊದಲ ಪರಿಹಾರ ಟಂಗ್‌ಸ್ಟನ್ನಿಗೆ ಶೇಕಡಾ ಒಂದೆರಡರಷ್ಟು ಥೋರಿಯಮ್ ಆಕ್ಸೈಡ್ ಬೆರೆಸುವುದಾಗಿತ್ತು. ಈ ಆಕ್ಸೈಡಿನ ಸೂಕ್ಷ್ಮ ಕಣಗಳು ಹರಳು ಬೆಳೆಯದಂತೆ ತಡೆದು, ಅಲುಗಾಟ ತಾಳುವ ಶಕ್ತಿ ಕೊಟ್ಟವು, ಆದರೆ ಸುರುಳಿ ಜೋಲುವುದನ್ನು ಪೂರ್ತಿ ನಿಲ್ಲಿಸಲಿಲ್ಲ. ಇದೇ ವೇಳೆಗೆ, ಟಂಗ್‌ಸ್ಟನ್ ಆಕ್ಸೈಡನ್ನು ಲಂಡನ್ನಿನ ಬ್ಯಾಟರ್ಸೀ ಮಣ್ಣಿನ ಮೂಸೆಗಳಲ್ಲಿ ಕಾಯಿಸಿದಾಗ ತಂತಿ ಉತ್ತಮವಾಗಿ ಬರುತ್ತದೆ ಎಂಬುದು ಕೆಲಸಗಾರರ ಗಮನಕ್ಕೆ ಬಂದಿತ್ತು: ಮೂಸೆಯ ಮಣ್ಣಿನಿಂದ ಏನೋ ಲೋಹಕ್ಕೆ ಸೇರುತ್ತಿತ್ತು. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಅಲಡಾರ್ ಪಾಚ್ ಆ ಬೆರಕೆಯನ್ನು ಬೇಕೆಂದೇ ಸೇರಿಸುವ ದಾರಿ ಹುಡುಕಿ, ಆಕ್ಸೈಡಿಗೆ ಪೊಟ್ಯಾಸಿಯಮ್ ಮತ್ತು ಸಿಲಿಕಾನ್ ಲವಣಗಳನ್ನು ಕಲಸಿ ಜೋಲದ ತಂತಿಯನ್ನು ತಯಾರಿಸಿದರು. ಅದಕ್ಕೆ 1922ರಲ್ಲಿ ಪೇಟೆಂಟ್ ಸಿಕ್ಕಿತು. ಮುಂದೆ ಈ ಬೆರಕೆಗೆ ಅಲ್ಯೂಮಿನಿಯಮ್ ಕೂಡ ಸೇರಿತು.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬರುವವರೆಗೆ, ಅಂದರೆ ಹಲವು ದಶಕಗಳ ಕಾಲ, ತಿಳಿಯಲಿಲ್ಲ. ಸರಳನ್ನು ಕಾಯಿಸುವಾಗ ಸಿಲಿಕಾನ್ ಮತ್ತು ಅಲ್ಯೂಮಿನಿಯಮ್ ಹೊರಟುಹೋಗುತ್ತವೆ, ಹತ್ತು ಲಕ್ಷದಲ್ಲಿ ನೂರು ಭಾಗಕ್ಕೂ ಕಡಿಮೆ ಪೊಟ್ಯಾಸಿಯಮ್ ಮಾತ್ರ ಒಳಗೆ ಸಿಕ್ಕಿಕೊಳ್ಳುತ್ತದೆ. ಪೊಟ್ಯಾಸಿಯಮ್ಮಿನ ಪರಮಾಣು ದೊಡ್ಡದಾದ್ದರಿಂದ ಟಂಗ್‌ಸ್ಟನ್ನಿನಲ್ಲಿ ಬೆರೆಯುವುದಿಲ್ಲ, ಹೊರಗೆ ಬರಲೂ ದಾರಿಯಿಲ್ಲ. ತಂತಿ ಎಳೆದಾಗ ಅದು ಉದ್ದಕ್ಕೂ ಸಪೂರ ಗೆರೆಗಳಾಗಿ ಹರಡುತ್ತದೆ, ದೀಪ ಹೊತ್ತಿದಾಗ ಆವಿಯಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳ ಸಾಲಾಗುತ್ತದೆ. ಹರಳುಗಳು ಅಡ್ಡಕ್ಕೆ ಬೆಳೆಯಲು ಹೋದರೆ ಈ ಗುಳ್ಳೆಸಾಲುಗಳು ತಡೆಯುತ್ತವೆ. ಉದ್ದಕ್ಕೆ ಬೆಳೆಯಲು ಮಾತ್ರ ಬಿಡುತ್ತವೆ. ಹಾಗಾಗಿ ಹರಳುಗಳು ನೀಳವಾಗಿ, ಒಂದರ ಅಂಚು ಇನ್ನೊಂದರ ಅಂಚಿಗೆ ಕಚ್ಚಿಕೊಂಡು ನಿಲ್ಲುವುದರಿಂದ ಜಾರಲು ಅವಕಾಶವಿರುವುದಿಲ್ಲ. ಅತಿ ಶುದ್ಧವಾದ ಟಂಗ್‌ಸ್ಟನ್ ಒಳ್ಳೆಯ ತಂತುವಾಗುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಬೇಕು.

ಪ್ರಶ್ನೆ: ನಮ್ಮ ತಂದೆ ಮಲ್ಲೇಶ್ವರದ ಮೈಸೂರು ಲ್ಯಾಂಪ್ಸ್‌ನಲ್ಲಿ ಕೆಲಸದಲ್ಲಿದ್ದರು. ಬಹಳ ಹಿಂದೆ ಬಲ್ಬುಗಳಲ್ಲಿ ಪ್ಲಾಟಿನಮ್ ಇರುತ್ತಿತ್ತು ಎನ್ನುತ್ತಿದ್ದರು. ನಿಜವೇ? ಗಾಜಿನೊಳಗೆ ಹಾದುಹೋಗುವ ಕೆಂಪು ತಂತಿ ಯಾವುದು?
(ಓದುಗರು, ಬೆಂಗಳೂರು)

ಉತ್ತರ: ತಮ್ಮ ತಂದೆಯವರ ಮಾತು ನಿಜ. ತಂತಿ ಗಾಜನ್ನು ಹಾದುಹೋಗುವಲ್ಲಿ, ಬಿಸಿಯಾದಾಗ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗದಿದ್ದರೆ ಗಾಜು ಸೀಳಿ ಗಾಳಿ ಒಳನುಗ್ಗುತ್ತದೆ. ಸಾಮಾನ್ಯ ಗಾಜಿನಷ್ಟೇ ಹಿಗ್ಗುವ ಲೋಹ ಪ್ಲಾಟಿನಮ್ ಆದ್ದರಿಂದ ಮೊದಲ ದೀಪಗಳಲ್ಲಿ ಅದರ ತುಂಡುಗಳಿದ್ದವು, ಬೆಲೆಯೂ ಅದಕ್ಕೆ ತಕ್ಕಂತಿತ್ತು. ಶಾರ್ಲ್ ಎದುವಾರ್ ಗಿಯೋಮ್ 1896ರಿಂದ ನಡೆಸಿದ ನಿಕ್ಕಲ್-ಕಬ್ಬಿಣ ಮಿಶ್ರಲೋಹಗಳ ಅಧ್ಯಯನದಿಂದ, ನಿಕ್ಕಲಿನ ಪ್ರಮಾಣ ಬದಲಿಸಿದರೆ ಹಿಗ್ಗುವ ಪ್ರಮಾಣವೂ ಬದಲಾಗುತ್ತದೆ ಎಂದು ತಿಳಿಯಿತು. ಅದರ ಆಧಾರದ ಮೇಲೆ, ಸುಮಾರು ಶೇಕಡಾ 42 ನಿಕ್ಕಲ್ ಇರುವ ಕಬ್ಬಿಣದ ತಿರುಳಿಗೆ ತಾಮ್ರದ ಹೊದಿಕೆ ಹಾಕಿದ ಡ್ಯೂಮೆಟ್ ಎಂಬ ತಂತಿ 1910ರ ದಶಕದಲ್ಲಿ ಬಂದು ಪ್ಲಾಟಿನಮ್ಮನ್ನು ತೆರವು ಮಾಡಿತು. 1936ರಲ್ಲಿ ಮೈಸೂರು ಲ್ಯಾಂಪ್ಸ್ ಆರಂಭವಾಗುವ ಹೊತ್ತಿಗೆ ಪ್ಲಾಟಿನಮ್ಮಿನ ಕಾಲ ಮುಗಿದಿತ್ತು. ತಾವು ಕಂಡ ಕೆಂಪು, ತಾಮ್ರದ ಮೇಲಿನ ಆಕ್ಸೈಡು ಗಾಜಿನೊಂದಿಗೆ ಬೆಸೆದುಕೊಂಡದ್ದರ ಬಣ್ಣ.

ಪ್ರಶ್ನೆ: ಟಿಗ್ ವೆಲ್ಡಿಂಗ್‌ನ ಟಂಗ್‌ಸ್ಟನ್ ಕಡ್ಡಿಯ ತುದಿಗೆ ಕೆಂಪು ಬಣ್ಣ ಬಳಿದಿರುತ್ತದೆ. ಅದರಲ್ಲಿ ಬಲ್ಬಿನ ಲೋಹವೇ ಇದೆಯೇ? ಟಂಗ್‌ಸ್ಟನ್ನಿಗೆ ಬೇರೆ ಲೋಹ ಬೆರೆಸಿ ಇನ್ನೂ ಚೆನ್ನಾಗಿ ಮಾಡಲಾಗದೇ?
(ವೆಲ್ಡರ್, ಪೀಣ್ಯ)

ಉತ್ತರ: ಬೆರೆಸಿದರೆ ಸಾಮಾನ್ಯವಾಗಿ ಕರಗುವ ಬಿಂದು ಇಳಿಯುತ್ತದೆ, ಹಾಗಾಗಿ ಎಲ್ಲ ಲೋಹಗಳೂ ಸಲ್ಲುವುದಿಲ್ಲ. ರೀನಿಯಮ್ ಮಾತ್ರ ಗೌರವದ ಅಪವಾದ. 3,186 ಡಿಗ್ರಿಗೆ ಕರಗುವ ಈ ಲೋಹವನ್ನು ಬೆರೆಸಿದರೆ ಟಂಗ್‌ಸ್ಟನ್ನಿನ ಪೆಡಸುತನ ತಗ್ಗುತ್ತದೆ ಎಂದು 1955ರಲ್ಲಿ ಪ್ರಕಟವಾಯಿತು, ಶೇಕಡಾ 3ರಷ್ಟು ರೀನಿಯಮ್ ಇರುವ ತಂತಿ ಅಲುಗಾಟ ಹೆಚ್ಚಿರುವ ಕಡೆಯ ದೀಪಗಳಿಗೆ ಬಳಕೆಯಾಯಿತು. ರೀನಿಯಮ್ ದುಬಾರಿ ಲೋಹವಾದ್ದರಿಂದ ಮನೆಯ ಬಲ್ಬಿಗೆ ಅದು ಬರಲಿಲ್ಲ. ಎಕ್ಸ್-ರೇ ಕೊಳವೆಯಲ್ಲಿ ಎಲೆಕ್ಟ್ರಾನುಗಳ ಹೊಡೆತ ತಿನ್ನುವ ತಟ್ಟೆಯ ಮೇಲ್ಪದರದಲ್ಲಿ ಇಂದಿಗೂ ಟಂಗ್‌ಸ್ಟನ್-ರೀನಿಯಮ್ ಮಿಶ್ರಲೋಹವಿದೆ, ಅದರಡಿಯಲ್ಲಿ ಮಾಲಿಬ್ಡಿನಮ್. ಕಾದ ಟಂಗ್‌ಸ್ಟನ್ ತಂತುವಿನ ಎಕ್ಸ್-ರೇ ಕೊಳವೆಯನ್ನು 1913ರಲ್ಲಿ ರೂಪಿಸಿದವರೂ ಕೂಲಿಜ್ ಅವರೇ.

ನಿಮ್ಮ ಕೈಯಲ್ಲಿರುವ ಕೆಂಪು ತುದಿಯ ಕಡ್ಡಿಯಲ್ಲಿ ಇರುವುದು ಬಲ್ಬಿಗೆ ಬಳಸಿದ್ದ ಆ ಹಳೆಯ ಬೆರಕೆಯೇ: ಟಂಗ್‌ಸ್ಟನ್ನಿನೊಳಗೆ ಶೇಕಡಾ 2ರಷ್ಟು ಥೋರಿಯಮ್ ಆಕ್ಸೈಡ್. ವೆಲ್ಡಿಂಗ್‌ನಲ್ಲಿ ಅದು ಎಲೆಕ್ಟ್ರಾನುಗಳು ಸುಲಭವಾಗಿ ಹೊರಡಲು ನೆರವಾಗುತ್ತದೆ, ಕಿಡಿ ಸ್ಥಿರವಾಗಿ ನಿಲ್ಲುತ್ತದೆ. ಥೋರಿಯಮ್ ವಿಕಿರಣಶೀಲ ಧಾತು. ಕಡ್ಡಿ ಸುಮ್ಮನೆ ಇದ್ದರೆ ಹೆಚ್ಚು ಅಪಾಯವಿಲ್ಲದಿದ್ದರೂ ತುದಿ ಚೂಪು ಮಾಡಲು ಉಜ್ಜಿದಾಗ ಏಳುವ ಧೂಳು ಉಸಿರಿನೊಂದಿಗೆ ಒಳಗೆ ಹೋಗಬಾರದು. ಮುಖಗವಸು ಹಾಕಿಕೊಳ್ಳಿ, ಧೂಳು ಎಳೆದುಕೊಳ್ಳುವ ವ್ಯವಸ್ಥೆಯಿರುವ ಗ್ರೈಂಡರಿನಲ್ಲೇ ಉಜ್ಜಿ, ಸಾಧ್ಯವಾದರೆ ಲ್ಯಾಂಥನಮ್ ಆಕ್ಸೈಡ್ ಬೆರೆಸಿದ ಚಿನ್ನದ ಬಣ್ಣದ ಅಥವಾ ನೀಲಿ ತುದಿಯ ಕಡ್ಡಿಗೆ ಬದಲಾಯಿಸಿಕೊಳ್ಳಿ. ಹೆಚ್ಚಿನ ಕೆಲಸಗಳಿಗೆ ಅದು ಸಾಕಾಗುತ್ತದೆ.